ಗೋವಾದಲ್ಲಿ ಗುಟುಕು, ಕುವೈತಿನಲ್ಲಿ ರುಚಿ

ವಿಸ್ಕಿ ಸಿಗದ ದೇಶದಲ್ಲಿ ಕುಳಿತು, ಹುಟ್ಟಿದಾಗಿನಿಂದ ಅದರ ಒಂದು ಹನಿಯನ್ನೂ ನಾಲಿಗೆಗೆ ತಾಗಿಸದೆ, ಪ್ರತಿ ಶುಕ್ರವಾರ ತಪ್ಪದೆ ವಿಸ್ಕಿಯ ರುಚಿ ನೋಡುವ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿರುವುದಷ್ಟೇ ಅಲ್ಲ, ಅವರ ಮನೆಯ ರೊಟ್ಟಿ ತಿನ್ನುತ್ತಿದ್ದೇನೆ. ಅವರು ನನ್ನ ಕಾಕಾ, ಅಂದರೆ ಅಪ್ಪನ ತಮ್ಮ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, "ಬಾಯ್ಲರ್ ಒಂದು ಅದ ಅಲ್ಲ, ಸಾಕು" ಎನ್ನುತ್ತಾರೆ. ಕುವೈತಿನ ಸಬ್ಹಾನ್ ಎಂಬಲ್ಲಿಯ ಜ್ಯೂಸ್ ಕಾರ್ಖಾನೆಯೊಂದರಲ್ಲಿ ಅವರಿಗೆ ಬಾಯ್ಲರ್ ನೋಡಿಕೊಳ್ಳುವ ಕೆಲಸ.

ನಾನು ಮಿರ್ಕಾಬಿನ ಆಫೀಸೊಂದರಲ್ಲಿ ದುಡಿಯುತ್ತ, ಫರ್ವಾನಿಯಾದ ಅವರ ಫ್ಲ್ಯಾಟಿನಲ್ಲಿ ಬಿಡಾರ ಹೂಡಿದ್ದೇನೆ. ಅಪ್ಪ ಅಮ್ಮ ಇರುವುದು ಗೋವಾದ ವಾಸ್ಕೋದಲ್ಲಿ. ಅಲ್ಲಿ ಅಪ್ಪನದು ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ. ವಿಧಿಯ ಪಾಲುಪಟ್ಟಿ ನೋಡಿ! ಗದಗಿನ ಒಂದೇ ತಾಯಿಯ ಇಬ್ಬರು ಮಕ್ಕಳಲ್ಲಿ ಕುಡಿಯುವವನಿಗೆ ಓಣಿಗೊಂದು ಬಾರು, ಕುಡಿಯದವನಿಗೆ ಇಡೀ ದೇಶಕ್ಕೊಂದೂ ಇಲ್ಲ. ಅದಲುಬದಲು ಮಾಡಿದ್ದರೆ ದೇವರ ಗಂಟೇನು ಹೋಗುತ್ತಿತ್ತು?

ಅಪ್ಪ ದಿನಾ ಕುಡಿಯುತ್ತಿದ್ದರು. ಹೀಗೇ ಮುಂದುವರಿದರೆ ಲಿವರ್ ಕೈಕೊಡುತ್ತದೆ ಎಂದು ಡಾಕ್ಟರು ಎದುರೇ ಕೂರಿಸಿ ಹೇಳಿಯಾಗಿತ್ತು. ನಾನು ಶಾಲೆ, ಕಾಲೇಜುಗಳಲ್ಲಿ ಚರ್ಚಾಸ್ಪರ್ಧೆಯ ಢಾಲುಗಳನ್ನು ಮನೆಗೆ ಹೊತ್ತು ತಂದವಳು. ಸುಮ್ಮನಿರುತ್ತೇನೆಯೇ? ರಜೆಗೆ ವಾಸ್ಕೋಗೆ ಹೋದಾಗ ಪ್ರಸ್ತಾವನೆ, ಪುರಾವೆ, ಉಪಸಂಹಾರ ಎಲ್ಲವನ್ನೂ ಜೋಡಿಸಿಕೊಂಡು ಅಪ್ಪನ ಮುಂದೆ ವಾದ ಹೂಡಿದೆ. ಅಪ್ಪ ಕಣ್ಣು ಮಿಟುಕಿಸದೆ ಕೇಳಿ, "ಖರೇ ಅದ ಮಗಳ. ನೀ ಹೇಳಿದ್ದು ಪೂರಾ ಖರೇ ಅದ" ಎಂದು ಚಪ್ಪಲಿ ಮೆಟ್ಟಿ ಬಾರಿಗೆ ಹೋದರು! ಎದುರಾಳಿ ಎಲ್ಲವನ್ನೂ ಒಪ್ಪಿಕೊಂಡು, ಆಮೇಲೂ ಸೋಲದೆ ಎದ್ದು ನಡೆದರೆ ಯಾವ ತೀರ್ಪುಗಾರ ತಾನೇ ಏನು ಮಾಡಿಯಾನು?

ಇಂಥ ಹೊತ್ತಿನಲ್ಲಿ ಕಾಕಾ ಒಂದು ಸಂಜೆ ಮೊಬೈಲು ಹಿಡಿದು ನಡುಮನೆಯ ಈ ಗೋಡೆಯಿಂದ ಆ ಗೋಡೆಗೆ ಓಡಾಡುತ್ತ ಘೋಷಿಸಿದರು: "ನಿಮ್ಮಪ್ಪಗ ವಿಸ್ಕಿ ಹಚ್ಚೀನಿ."

"ಏನ್ ಹಚ್ಚೀದಿ?"

"ತಿಂಗಳ ಚಂದಾ. ಒಂದು ಕ್ಲಬ್ ಅದ. ವಾಸ್ಕೋದ ಮನಿಗೇ ಸಣ್ಣ ಸಣ್ಣ ಶೀಶೆ ಕಳಸ್ತಾರ. ವಾರಕ್ಕೊಂದು ರುಚಿ ನೋಡೂದು. ಭಾರೀ ಸ್ಟ್ಯಾಂಡರ್ಡ್!"

ನನಗೆ ಕೂತಲ್ಲಿ ಕೂರಲಾಗಲಿಲ್ಲ. ನಾನೂ ಎದ್ದು ಓಡಾಡತೊಡಗಿದೆ. ಅಷ್ಟು ಸಣ್ಣ ನಡುಮನೆಯಲ್ಲಿ ಇಬ್ಬರು ಓಡಾಡಿದರೆ ವಾದಕ್ಕಿಂತ ಮೊದಲು ಭುಜಗಳು ಡಿಕ್ಕಿ ಹೊಡೆಯುತ್ತವೆ. "ಕಾಕಾ, ಮನಿಗೆ ಬೆಂಕಿ ಬಿದ್ದಾಗ ಯಾರರೆ ಚಂದಾ ಕಟ್ಟಿ ಸೀಮಿಎಣ್ಣಿ ತರಸ್ತಾರೇನು?"

"ವಕೀಲ್ ಬಾಯಿ, ಒಂದು ಮಾತು ಕೇಳು. ಉರಿಯೂ ಬಾಯ್ಲರಿಗೆ ಒಮ್ಮಿಗೆ ತಣ್ಣೀರು ಹೊಡದರ ಏನಾಗತದ? ಬಿರೀತದ. ಪ್ರೆಶರ್ ಸಾವಕಾಶ ಇಳಸಬೇಕು."

"ಅಪ್ಪ ಬಾಯ್ಲರ್ ಅಲ್ಲ!"

"ಹೌದು. ಬಾಯ್ಲರಿಗೆ ಮೀಟರ್ ಇರತದ, ನಿಮ್ಮಪ್ಪಗ ಅದೂ ಇಲ್ಲ. ಖಲಾಸ್!" ಎಂದು ಅವರು ರೊಟ್ಟಿ ತಟ್ಟಲು ಹೋದರು. ಉಪಮೆ ಪುರಾವೆಯಾಗುವುದಿಲ್ಲ ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೂಗಿದೆ. ಮಿಕ್ಸರ್ ಹಾಕಿ ನನ್ನ ಬಾಯಿ ಮುಚ್ಚಿಸಿದರು.

ಚಂದಾಕ್ಕೆ ಅವರದೇ ಶರತ್ತುಗಳಿದ್ದವು. ಶುಕ್ರವಾರ ಮಧ್ಯಾಹ್ನ ವಿಡಿಯೋ ಕರೆ ಹತ್ತಿದ ಮೇಲೆಯೇ ಅಪ್ಪ ಶೀಶೆ ತೆರೆಯಬೇಕು. ಉಳಿದ ದಿನ ಏನೂ ಮುಟ್ಟಕೂಡದು. ಯಾಕೆ? ಲಿವರ್ ಕೆಡುತ್ತದೆಂದಲ್ಲ, ಜಿಹ್ವೆ ಕೆಡುತ್ತದೆಂದು! "ಅಣ್ಣಾ, ರುಚಿಗಾರನ ಜಿಭಿ ಅಂದ್ರ ಹಾಡೂರ ಗಂಟಲಿದ್ದಂಗ. ದಿನಾ ಹಾಳುಮೂಳು ಬಿದ್ದರ ಮುಗೀತು" ಎಂದು ಕಾಕಾ ಗಂಭೀರವಾಗಿ ಹೇಳಿದರು. ಲಿವರಿನ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದ ಅಪ್ಪ, ನಾಲಿಗೆಯ ಮಾನದ ಪ್ರಶ್ನೆ ಬಂದಕೂಡಲೇ ನೆಟ್ಟಗೆ ಕುಳಿತರು. ಮೂಗಿನಿಂದಲೇ ಸುಟ್ಟ ಮೋಟಾರಿನ ರೋಗ ಹೇಳುವ ಮನುಷ್ಯ, ರುಚಿಗಾರ ಎಂದರೆ ಬೀಗದಿರುತ್ತಾರೆಯೇ?

ಶುಕ್ರವಾರ ಬಂತೆಂದರೆ ಕಾಕಾ ಇಸ್ತ್ರಿ ಮಾಡಿದ ಅಂಗಿ, ಟೈ, ಕೆಳಗೆ ಲುಂಗಿ ಧರಿಸಿ ಮೊಬೈಲಿನ ಮುಂದೆ ಹಾಜರು. ಅವರ ಕೈಯಲ್ಲೂ ಒಂದು ಗ್ಲಾಸು. ಅದರಲ್ಲಿ ಹಾಲು ಹಾಕದ ಬರೀ ಸುಲೈಮಾನಿ ಚಹಾ. ಹಿಂದಿನ ದಿನದಿಂದಲೇ ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ನಿಷೇಧ. ಕುಡಿಯುವವರು ಗೋವಾದಲ್ಲಿ, ಬೆಳ್ಳುಳ್ಳಿ ಚಟ್ನಿ ಬಂದ್ ಕುವೈತಿನಲ್ಲಿ! ಇದು ಯಾವ ತರ್ಕ? ಕೇಳಿದರೆ, "ಶಿಸ್ತು ಎರಡೂ ಕಡೆ ಇರಬೇಕು" ಎಂಬ ಉತ್ತರ.

ಅತ್ತ ಮೊಬೈಲು ಹಿಡಿಯುವ ಕೆಲಸ ಅಮ್ಮನದು. ಈ ಇಡೀ ಕಾರ್ಯಕ್ರಮದ ಮೇಲೆ ಅವಳಿಗಿದ್ದ ಅಭಿಪ್ರಾಯವನ್ನು ಅವಳು ಕೈಯಲ್ಲೇ ಹೇಳುತ್ತಿದ್ದಳು. ನಮಗೆ ಕಾಣುತ್ತಿದ್ದದ್ದು ಅಪ್ಪ ಅಲ್ಲ, ವಾಸ್ಕೋ ಮನೆಯ ಸೀಲಿಂಗ್ ಫ್ಯಾನು.

"ವೈನಿ, ಅಣ್ಣನ್ನ ತೋರಸ್ರಿ! ಫ್ಯಾನ್ ಕುಡಿಯೂದಿಲ್ಲ!" ಎಂದು ಕಾಕಾ ಅತ್ತಿಗೆಗೆ ಕೂಗುತ್ತಿದ್ದರು.

"ಅದಕ್ಕಽ ಅದನ್ನ ತೋರಸಾಕತ್ತೀನಿ. ಮನಿಯಾಗ ಕುಡೀಲಾರದ ಗಂಡಸು ಅದೊಂದಽ."

ಆಮೇಲೆ ವಿಧಿವಿಧಾನ ಶುರು. ಮೊದಲು ಬಣ್ಣವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಗ್ಲಾಸು ತಿರುಗಿಸಬೇಕು. ಮೂಸಬೇಕು. ಸ್ವಲ್ಪ ಹೊತ್ತು ಬಿಟ್ಟು, ಬಾಯಿ ತೆರೆದುಕೊಂಡು ಮತ್ತೆ ಮೂಸಬೇಕು. ಔಷಧಿಯ ಪಿಚಕಾರಿಯಿಂದ ಒಂದೇ ಹನಿ ನೀರು ಹಾಕಬೇಕು. ಕಾಯಬೇಕು. ನಡುವೆ ಕಾಕಾ ಕ್ಲಬ್ಬಿನವರು ಕಳಿಸಿದ ವರ್ಣನೆಯನ್ನು ಗದಗಿನ ಭಾಷೆಗೆ ಇಳಿಸಿ ಓದುತ್ತಿದ್ದರು. ಗುಟುಕು ಇಳಿಯುವ ಹೊತ್ತಿಗೆ ನನ್ನ ಕಾಲು ಜೋಮು ಹಿಡಿದಿರುತ್ತಿತ್ತು.

ಒಮ್ಮೆ ಅಪ್ಪ ರೇಗಿದರು: "ಲೇ ತಮ್ಮಾ, ಇದು ಕುಡಿಯೂದೋ, ಪೂಜಾ ಮಾಡೂದೋ?"

"ಪೂಜಾ ಅಂತಽ ತಿಳಕೋ. ತೀರ್ಥ ಕೊಡಪಾನಗಟ್ಟಲೆ ಕೊಡತಾರೇನು? ಒಂದು ಉದ್ಧರಣಿ. ಕಣ್ಣಿಗೆ ಒತ್ತಿಕೊಂಡು ಸುಮ್ನ ಕೂಡು."

ಹೊಗೆಯ ವಾಸನೆಯ ವಿಸ್ಕಿ ಬಂದ ವಾರ ಕಾಕಾ ಓದಿದರು: "ಕಡಲತಡಿಯೊಳಗ ಕಟ್ಟಿಗಿ ಒಲಿ ಆರಿದಂಗ, ದೂರದಿಂದ ಬರೂ ಧೂಮ..."

ಅಪ್ಪ ಮೂಸಿ ತಲೆ ಅಲ್ಲಾಡಿಸಿದರು. "ಒಲಿನೂ ಇಲ್ಲ, ಕಡಲೂ ಇಲ್ಲ. ನೀರಿನ ಪಂಪಿನ ಮೋಟಾರ್ ಸುಟ್ಟದ. ಬೇರಿಂಗ್ ಜಾಮ್ ಆಗಿ ವೈಂಡಿಂಗ್ ಹೋಗೇದ."

ಮೊಬೈಲಿನ ಹಿಂದಿನಿಂದ ಅಮ್ಮನ ದನಿ ಬಂತು: "ಆ ವಾಸನಿ ನಿಮ್ಮ ದುಕಾನದಾಗ ದಿನಾ ಪುಕಟ ಸಿಗತದಲ್ಲ, ಅದಕ್ಕ ಪಾರ್ಸಲ್ ಯಾಕ?"

ಎದುರು ಫ್ಲ್ಯಾಟಿನ ಪುತ್ತೂರಿನ ಸಾಹೇಬರ ಕಥೆಯನ್ನು ಹೇಳದಿದ್ದರೆ ಅನ್ಯಾಯವಾದೀತು. ರಾಯ್ ಬಡಾವಣೆಯ ಟೈಲ್ಸ್ ಶೋರೂಮಿನಲ್ಲಿ ಕೆಲಸ ಮಾಡುವ ಸಾಧು ಬ್ಯಾರಿ. ಒಂದು ದಿನ ಲಿಫ್ಟಿನಲ್ಲಿ ಕಾಕಾ ಮೊಬೈಲಿಗೆ ಬಾಯಿ ಹಚ್ಚಿ, "ಈ ತಿಂಗಳ ಮಾಲು ಬಂತೇನು? ಎಷ್ಟ್ ಶೀಶೆ?" ಎಂದದ್ದನ್ನು ಕೇಳಿ ಅವರ ಮುಖ ಬಿಳಿಚಿತು. ನಮ್ಮ ಹಿಂದೆಯೇ ಮನೆಯೊಳಗೆ ಬಂದು ಬಾಗಿಲು ಹಾಕಿದರು.

"ಎಂಥ ಮಾರಾಯ್ರೆ ಇದು! ಪೊಲೀಸು ಬಂದರೆ ಇಲ್ಲಿ ಇರ್ಲಿಕ್ಕೆ ಕೊಟ್ಟ ನಿಮ್ಮ ಇಕಾಮಾ ಪರ್ಮಿಟ್ಟು ಮಾತ್ರ ಹೋಗುವುದಲ್ಲ, ಎದುರು ಮನೆಯಲ್ಲಿದ್ದ ತಪ್ಪಿಗೆ ನನ್ನದೂ ಹೋಗ್ತದೆ! ಬಾಟ್ಲಿ ಎಲ್ಲಿ?"

"ಗೋವಾದಾಗ."

"ಕುಡಿಯುವುದು ಯಾರು?"

"ನಮ್ಮಣ್ಣ."

"ಮತ್ತೆ ನೀವು ಎಂಥ ಮಾಡುವುದು?"

"ನಾನು ರುಚಿ ನೋಡೂದು!"

ಸಾಹೇಬರು ಚಹಾದ ಗ್ಲಾಸನ್ನು ಮೂಸಿ ನೋಡಿ, ಧೈರ್ಯ ಬಂದು, ನನ್ನ ಕಡೆ ತಿರುಗಿದರು. "ಕುಡಿದವರಿಗೆ ಹುಚ್ಚು ಹಿಡಿಯುವುದು ಗೊತ್ತುಂಟು. ಕುಡಿಯದವರಿಗೂ ಹಿಡೀತದಾ?" ಮುಂದಿನ ಶುಕ್ರವಾರ ಅವರೇ ನಮಾಜು ಮುಗಿಸಿಕೊಂಡು ಬಂದು, ಅಣ್ಣನವರಿಗೆ ಇವತ್ತು ಎಂಥದರ ವಾಸನೆ ಬಂತೆಂದು ವಿಚಾರಿಸಿ ಹೋದರು!

ಇಷ್ಟಾದರೂ ನನ್ನ ಅನುಮಾನ ಹೋಗಲಿಲ್ಲ. ಅಪ್ಪ ಬಾರಿಗೆ ಹೋಗುತ್ತಿಲ್ಲ ಎಂದು ಅಮ್ಮ ಹೇಳುತ್ತಿದ್ದಳು, ಸರಿ. ಆದರೆ ಇದು ಎಷ್ಟು ದಿನ? ಒಂದಲ್ಲ ಒಂದು ದಿನ ಜಾರುತ್ತಾರೆ, ಅಂದು ಈ ಟೈ ಕಟ್ಟಿದ ನಾಟಕಕ್ಕೆ ತೆರೆ ಬೀಳುತ್ತದೆ ಎಂದು ಕಾಕಾನಿಗೆ ಹೇಳುತ್ತಲೇ ಇದ್ದೆ. ಅಂದು ಆಡಬೇಕಾದ ಮಾತುಗಳನ್ನೂ ಆಫೀಸಿನ ಬಸ್ಸಿನಲ್ಲಿ ಕೂತು ಸಾಣೆ ಹಿಡಿದಿಟ್ಟುಕೊಂಡಿದ್ದೆ.

ಆ ಶುಕ್ರವಾರ ಹೊರಗೆ ಧೂಳುಗಾಳಿ. ಕಿಟಕಿಯಾಚೆ ಎಲ್ಲ ಹಳದಿ. ಕಾಕಾ ಕರೆ ಮಾಡಿದರು. ರಿಂಗಾಗಿ ನಿಂತಿತು. ಮತ್ತೆ ಮಾಡಿದರು. ಎತ್ತಲಿಲ್ಲ. ಟೈ ಸಡಿಲಿಸಿದರು, ಬಿಗಿದರು. ನಾನು ಅಡುಗೆಮನೆಗೆ ಹೋದೆ, ಯಾಕೆ ಬಂದೆನೆಂದು ಮರೆತು ವಾಪಸು ಬಂದೆ. ಚಹಾ ಆರಿ ತಣ್ಣಗಾಯಿತು. "ಕರೆಂಟ್ ಹೋಗಿರಬೇಕು" ಎಂದರು ಕಾಕಾ. ಮೊಬೈಲಿಗೆ ಕರೆಂಟು ಯಾಕೆ ಬೇಕು ಎಂದು ನಾನು ಕೇಳಲಿಲ್ಲ. ಕೇಳದೆ ಬಿಟ್ಟದ್ದು ಅದೇ ಮೊದಲು.

ಕೊನೆಗೆ ವಾಸ್ಕೋದಿಂದಲೇ ಕರೆ ಬಂತು. ಫ್ಯಾನಿಲ್ಲ. ಅಮ್ಮ ಮೊಬೈಲನ್ನು ನೇರವಾಗಿ ಅಪ್ಪನ ಮುಖಕ್ಕೇ ಹಿಡಿದಿದ್ದಳು. ಎದುರಿಗೆ ಮುಚ್ಚಳ ತೆಗೆಯದ ಶೀಶೆ.

"ತಮ್ಮಾ, ಇವತ್ತ ಬ್ಯಾಡ," ಎಂದರು ಅಪ್ಪ. "ಜಿಭಿ ಕೆಟ್ಟದ. ನಿನ್ನೆ ಹೋಗಿದ್ದೆ."

ಕಾಕಾ ಗ್ಲಾಸು ಕೆಳಗಿಟ್ಟರು. ನನ್ನ ಮುಖ ನೋಡಿದರು, ಮೊಬೈಲನ್ನು ನನ್ನ ಕೈಗೆ ಕೊಟ್ಟರು. ಅಖಾಡ ಬಿಟ್ಟುಕೊಟ್ಟ ಹಾಗೆ! ನಾನು ಹೇಳಿದ್ದೇ ನಡೆದಿತ್ತು. ಪುರಾವೆ ಬಾಯಿಬಿಟ್ಟು ಒಪ್ಪಿಕೊಂಡು ಎದುರಿಗೆ ಕುಳಿತಿತ್ತು. ಸಾಣೆ ಹಿಡಿದ ಮಾತುಗಳೆಲ್ಲ ಸಾಲಾಗಿ ನಾಲಿಗೆಯ ತುದಿಗೆ ಬಂದು ನಿಂತವು. ಅಪ್ಪ ಚಪ್ಪಲಿ ಹುಡುಕುತ್ತಿರಲಿಲ್ಲ. ಬೈಸಿಕೊಳ್ಳಲು ಕೂತಿದ್ದರು. ಯಾರೂ ಕೇಳದಿದ್ದರೂ ತಾವಾಗಿ ನಿಜ ಹೇಳಿ ಕೂತಿದ್ದರು.

"ಅಪ್ಪಾ," ಎಂದೆ, "ಕುಡೀಬ್ಯಾಡ. ಬರೇ ಮೂಸಿ ಹೇಳು. ಇವತ್ತಿಂದು ಏನ್ ವಾಸನಿ?"

ಅವರು ನನ್ನನ್ನೇ ನೋಡಿದರು. ಮುಚ್ಚಳ ತಿರುವಿದರು. ಮೂಸಿದರು. ಕಾಕಾ ಕಲಿಸಿದ ಹಾಗೆ ಸ್ವಲ್ಪ ಹೊತ್ತು ಬಿಟ್ಟು, ಬಾಯಿ ತೆರೆದುಕೊಂಡು ಮತ್ತೆ ಮೂಸಿದರು.

"ವಾರ್ನಿಷ್," ಎಂದರು. "ಮೋಟಾರ್ ತಂತಿಗೆ ಹಚ್ಚತೀವಲ್ಲ, ಆ ವಾರ್ನಿಷ್. ದಿನಾ ಸಂಜೀಕ ಸಾಲಿ ಬಿಟ್ಟಮ್ಯಾಲ ನೀ ದುಕಾನಕ್ಕ ಬಂದು, ಮೋಟಾರ್ ಡಬ್ಬಿ ಮ್ಯಾಲ ನಿಂತು ಭಾಷಣಾ ತಾಲೀಮು ಮಾಡತಿದ್ದ್ಯಲ್ಲ. ನಿನ್ನ ಯೂನಿಫಾರ್ಮಿಗೆಲ್ಲ ಇದಽ ವಾಸನಿ ಬಡೀತಿತ್ತು. ನಿಮ್ಮವ್ವ ನನಗ ಬೈತಿದ್ಲು." ಮುಚ್ಚಳವನ್ನು ಮತ್ತೆ ತಿರುವಿ ಗಟ್ಟಿ ಮಾಡಿದರು. "ಸ್ಪರ್ಧಾದಾಗ ಎದುರಿನವರು ಏನಂತಾರ ಅಂತ ನಾನಽ ಅಂದು ತೋರಸ್ತಿದ್ದೆ. ನೀ ನನ್ನ ಸೋಲಸ್ತಿದ್ದಿ. ಭಾಳ ಛಂದ ಸೋಲಸ್ತಿದ್ದಿ."

ಚಿತ್ರ ಅಲುಗಾಡಿತು, ಮೇಲಕ್ಕೆ ಜಾರಿತು. ಮೊಬೈಲಿನ ತುಂಬ ವಾಸ್ಕೋದ ಆ ಸೀಲಿಂಗ್ ಫ್ಯಾನು ತಿರುಗುತ್ತಿತ್ತು. ಅಪ್ಪನನ್ನು ತೋರಿಸೆಂದು ಅಮ್ಮನಿಗೆ ನಾನೂ ಹೇಳಲಿಲ್ಲ, ಕಾಕಾನೂ ಹೇಳಲಿಲ್ಲ.