ಬೇಸ್ ಗಿಟಾರೂ ಜಮಖಾನೆಯ ಮೇಲಿನ ಜಾಗವೂ

ಮಾನ ಕಳೆದುಕೊಳ್ಳುವ ಸಂದರ್ಭಗಳನ್ನು ನಾನಾಗಿ ಹುಡುಕಿಕೊಂಡು ಹೋದವನಲ್ಲ. ಅವೇ ವಿಳಾಸ ಕೇಳಿಕೊಂಡು ಹೊರಮಾವಿನ ನಮ್ಮ ವಠಾರದ ತನಕ ಬರುತ್ತವೆ. ಬೇಸ್ ಗಿಟಾರ್ ಕೊಂಡ ಮೇಲಂತೂ ಬಾಗಿಲು ತಟ್ಟುವ ಶ್ರಮವನ್ನೂ ತೆಗೆದುಕೊಳ್ಳದೆ ನೇರ ಒಳಗೇ ಬರತೊಡಗಿದವು.

ತಾಳ ಹೋಯಿತು

ನಮ್ಮ ವಠಾರದಲ್ಲಿರುವವರೆಲ್ಲ ರಾಯಚೂರು, ಕಲಬುರಗಿ ಕಡೆಯವರು. ಸೋಮವಾರ ಸಂಜೆ ಅಂಗಳದಲ್ಲಿ ಜಮಖಾನೆ ಹಾಸಿ ಭಜನೆ ಮಾಡುತ್ತೇವೆ. ಹಾರ್ಮೋನಿಯಂ ಹಿಡಿದು ನಡುವೆ ಕೂರುವ ಹಿರಿಯರನ್ನು ಎಲ್ಲರೂ ಮುತ್ಯಾ ಎಂದೇ ಕರೆಯುವುದು. ಹಾಡು ಮುಗಿದ ಮೇಲೆ ಅವರು ಯಾರ ಕಡೆಗಾದರೂ ತಿರುಗಿ "ಛಲೋ ಆತು" ಅಂದರೆ ಅವನಿಗೆ ವಾರವೆಲ್ಲ ಹಬ್ಬ. ಆ ಹಬ್ಬ ನನ್ನ ಮನೆಗೆ ಒಮ್ಮೆಯೂ ಬಂದಿರಲಿಲ್ಲ.

ವಿಮಾನಪುರದ ಒಂದು ಕ್ಯಾಂಟೀನಿನಲ್ಲಿ ಸಾಂಬಾರು ನನ್ನ ಜವಾಬ್ದಾರಿ. ಅಷ್ಟು ಜನರ ಅಡುಗೆಗೆ ಹದವಾಗಿ ಉಪ್ಪು ಹಾಕುವ ಈ ಕೈಗೆ ತಾಳ ಮಾತ್ರ ಒಗ್ಗಲಿಲ್ಲ. ಮೊದಲು ನನ್ನ ಕೈಗೆ ತಾಳ ಕೊಟ್ಟಿದ್ದರು. ಹಾಡು ನನಗಿಂತ ಮೊದಲೇ ಮುಗಿದುಹೋಗುತ್ತಿತ್ತು. ತಾಳ ಕಿತ್ತುಕೊಂಡು, ಜಮಖಾನೆಯಿಂದ ಇಳಿಸಿ, ಬರೀ ಚಪ್ಪಾಳೆ ತಟ್ಟು ಎಂದರು. ಕೆಲವು ವಾರ ಸಹಿಸಿಕೊಂಡ ಮುತ್ಯಾ ಒಂದು ಸಂಜೆ ನನ್ನ ಪಕ್ಕ ಬಂದು ಕೂತು, ಹೆಗಲ ಮೇಲೆ ಕೈಯಿಟ್ಟು, ಬಹಳ ಪ್ರೀತಿಯಿಂದ ಹೇಳಿದರು:

"ತಮ್ಮಾ, ನೀ ಮನಸ್ಸಿನ್ಯಾಗ ಚಪ್ಪಾಳಿ ಹೊಡಿ."

ಕಲ್ಲಂಗಡಿ ಪರೀಕ್ಷೆ

ಅದೇ ಸಮಯದಲ್ಲಿ ಹಲಸೂರಿನಲ್ಲಿ ಪರಿಚಯದವರೊಬ್ಬರ ಆರತಕ್ಷತೆಗೆ ಹೋಗಿದ್ದೆ. ವೇದಿಕೆಯ ಹಿಂದುಗಡೆ ಒಬ್ಬ ಮನುಷ್ಯ ಉದ್ದ ಕುತ್ತಿಗೆಯ ಗಿಟಾರ್ ಹಿಡಿದು ನಿಂತಿದ್ದ. ದಪ್ಪ ದಪ್ಪ ತಂತಿ, ಆಗೊಮ್ಮೆ ಈಗೊಮ್ಮೆ ಒಂದು ಮೀಟು. ಯಾರೂ ಅವನ ಕಡೆ ನೋಡುತ್ತಿರಲಿಲ್ಲ, ಯಾರೂ ಬೈಯುತ್ತಿರಲಿಲ್ಲ. ಹಾಡು ಮುಗಿದಾಗ ಹಾಡಿದವಳು ಎಲ್ಲರಿಗಿಂತ ಮೊದಲು ಅವನ ಕೈ ಕುಲುಕಿದಳು. ಪಕ್ಕದವರನ್ನು ಕೇಳಿದೆ, ಅದು ಬೇಸ್ ಗಿಟಾರ್ ಅಂದರು. ನನ್ನಂಥವರಿಗೆಂದೇ ಮಾಡಿದ ವಾದ್ಯ ಎಂದು ಅಲ್ಲೇ ತೀರ್ಮಾನಿಸಿದೆ.

ಮುಂದಿನ ರಜೆಗೆ ಶಿವಾಜಿನಗರದ ಒಂದು ಅಂಗಡಿಗೆ ಹೋದೆ. ಅಂಗಡಿಯವನು ಎರಡು ಜಾತಿ ತೋರಿಸಿದ. ಒಂದು ಗಟ್ಟಿ ಮರದ್ದು, ಆಂಪ್ಲಿಫೈಯರ್ ಇಲ್ಲದೆ ಬಾಯಿ ಬಿಡುವುದಿಲ್ಲ. ಇನ್ನೊಂದು ಪೊಳ್ಳು ಹೊಟ್ಟೆಯ ಅಕೌಸ್ಟಿಕ್-ಎಲೆಕ್ಟ್ರಿಕ್, ತಾನಾಗಿಯೂ ನುಡಿಯುತ್ತದೆ, ವೈರು ಚುಚ್ಚಿದರೆ ಜೋರಾಗಿಯೂ ನುಡಿಯುತ್ತದೆ. ಒಂದರಲ್ಲಿ ಎರಡು ಸಿಗುವಾಗ ಯೋಚನೆ ಏನು, ಎರಡನೆಯದೇ ಇರಲಿ ಅಂದೆ. ಅವನು ಕೆಲವನ್ನು ಇಳಿಸಿ ಮುಂದಿಟ್ಟು, ಬಾರಿಸಿ ನೋಡಿ ಸಾಬ್ ಎಂದ.

ಅಂಗಡಿಯಲ್ಲಿದ್ದ ಉದ್ದ ಕೂದಲಿನ ಹುಡುಗರೆಲ್ಲ ನನ್ನ ಕಡೆ ತಿರುಗಿದರು. ನನಗೆ ಬಾರಿಸಲು ಬರುವುದಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಕ್ಯಾಂಟೀನಿಗಾಗಿ ರಸೆಲ್ ಮಾರುಕಟ್ಟೆಯಲ್ಲಿ ಹಣ್ಣು ತರಕಾರಿ ಆರಿಸಿದ ಕೈ ಇದು, ತನಗೆ ಗೊತ್ತಿದ್ದುದನ್ನೇ ಮಾಡಿತು. ಒಂದೊಂದು ಗಿಟಾರಿನ ಹೊಟ್ಟೆಯನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳಿ, ತಿರುಗಿಸಿ ಮತ್ತೆ ತಟ್ಟಿದೆ. ಕೊನೆಗೆ ಒಂದನ್ನು ಪಕ್ಕಕ್ಕಿಟ್ಟು ಇದು ಪರವಾಗಿಲ್ಲ ಎಂದೆ. ಅಷ್ಟರಲ್ಲಿ ಆ ಹುಡುಗರಲ್ಲೊಬ್ಬ, ಇದೇನೋ ದೊಡ್ಡ ವಿದ್ಯೆ ಇರಬೇಕೆಂದುಕೊಂಡು, ತಾನೂ ಒಂದನ್ನು ತಟ್ಟಿ ಕಿವಿಗೊಡುತ್ತಿದ್ದ. ನಾನು ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಅಂಗಡಿಯವನು ತಣ್ಣಗೆ ಕೇಳಿದ:

"ಬೇಕಾದ್ರೆ ಸ್ವಲ್ಪ ಕಟ್ ಮಾಡಿ ತೋರಿಸ್ಲಾ ಸಾಬ್?"

ಯಾರಿಗೂ ತೊಂದರೆಯಿಲ್ಲ

ಮೊಬೈಲ್ ನೋಡಿ ನೋಡಿ ಒಂದಿಷ್ಟು ಕಲಿತೆ. ಹೊಸ ವಾದ್ಯದ ಮರ್ಯಾದೆಗೆ ಜಮಖಾನೆಯ ಮೇಲೆ ಮತ್ತೆ ಜಾಗ ಸಿಕ್ಕಿತು. ಅಂದು ಕಣ್ಣು ಮುಚ್ಚಿಕೊಂಡು, ತಲೆಯಾಡಿಸುತ್ತ, ಬೆರಳಿಗೆ ಬೊಬ್ಬೆ ಬರುವ ತನಕ ನುಡಿಸಿದೆ. ಕೋಣೆಯೊಳಗೆ ಗಂಭೀರವಾಗಿ ನುಡಿಯುತ್ತಿದ್ದ ವಾದ್ಯ, ಹಾರ್ಮೋನಿಯಂ, ಢೋಲಕ್, ತಾಳಗಳ ನಡುವೆ ನನಗೇ ಕೇಳಿಸುತ್ತಿರಲಿಲ್ಲ. ಆದರೂ ಹಾಡು ಮುಗಿದ ಕೂಡಲೇ ಆಸೆಯಿಂದ ಮುತ್ಯಾನ ಮುಖ ನೋಡಿದೆ. ಅವರು ಗಿಟಾರನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು.

"ಇದನ್ನ ಮೊದಲ ತರಬೇಕಿತ್ತಲ್ಲೋ ತಮ್ಮಾ," ಅಂದರು. "ಯಾರಿಗೂ ತ್ರಾಸಿಲ್ಲ."

ಮಿಕ್ಸಿಗೊಂದು ಪೀಠ

ಆಂಪ್ಲಿಫೈಯರ್ ಇಲ್ಲದೆ ಬದುಕಿಲ್ಲ ಎಂದು ಗೊತ್ತಾಯಿತು. ಈ ಸಲ ಇಂದಿರಾನಗರದ ಅಂಗಡಿ, ಜೊತೆಗೆ ಹೆಂಡತಿ. ಮಾರುವ ಹುಡುಗ ಸಮಾಧಾನದಿಂದ ವಿವರಿಸಿದ. ಮಾಮೂಲಿ ಗಿಟಾರಿನ ಆಂಪ್ ಬೇಸಿನ ಪೆಟ್ಟು ತಡೆಯುವುದಿಲ್ಲ, ಸ್ಪೀಕರ್ ಹರಿದುಹೋಗಬಹುದು, ಬೇಸಿಗೆ ಬೇಸಿನದೇ ಆಂಪ್ ಬೇಕು. ಒಂದು ಕೋಣೆಯ ಮನೆಯಾದರೆ ಚಿಕ್ಕದು ಧಾರಾಳ ಸಾಕು. ಇನ್ನೊಂದು ಮಾತು, ಪೊಳ್ಳು ಗಿಟಾರನ್ನು ಆಂಪಿಗೆ ಮುಖ ಮಾಡಿ ಹಿಡಿದರೆ, ಅದರ ಸದ್ದು ಇದರ ಹೊಟ್ಟೆ ಹೊಕ್ಕು, ತಾನೇ ತಾನಾಗಿ ಗುಂಯ್‌ಗುಡಲು ಶುರುಮಾಡುತ್ತದೆ. ಅದಕ್ಕೆ ಗಿಟಾರಿನ ಬಾಯಿ ಮುಚ್ಚುವ ರಬ್ಬರ್ ಮುಚ್ಚಳ ಇದೆ, ತೊಗೊಳ್ಳಿ ಎಂದ.

ನಾನು ನಕ್ಕುಬಿಟ್ಟೆ. ತೂತು ಇರುವುದೇ ಸದ್ದು ಬರಲೆಂದು, ಅದಕ್ಕೂ ಮುಚ್ಚಳ ಮಾರಲು ನೋಡುತ್ತಾನಲ್ಲ, ನನ್ನನ್ನು ಏನೆಂದುಕೊಂಡಿದ್ದಾನೆ. ಮುಚ್ಚಳ ಬೇಡ, ಆಂಪ್ ಮಾತ್ರ ದೊಡ್ಡದೇ ಇರಲಿ, ನಮ್ಮದು ಬಯಲಿನ ಕಾರ್ಯಕ್ರಮ ಎಂದೆ. ಹೆಂಡತಿ ಆಂಪಿನ ತಲೆಯ ಮೇಲೆ ಅಂಗೈ ಸವರಿ ನೋಡಿ ಹುಡುಗನನ್ನು ಕೇಳಿದಳು: "ಸಪಾಟ ಅದ. ಇದರ ಮ್ಯಾಲ ಮಿಕ್ಸಿ ಇಟ್ರ ನಡೀತದೇನ್ರಿ?"

ಹುಡುಗ ನನ್ನನ್ನು ನೋಡಿದ. ನಾನು ಫ್ಯಾನು ನೋಡಿದೆ. ಅಲ್ಲಿಂದ ಮುಂದೆ ವಾಟ್ ಎಷ್ಟು, ವಾರಂಟಿ ಹೇಗೆ ಎಂಬುದನ್ನೆಲ್ಲ ಅವನು ಅವಳಿಗೇ ವಿವರಿಸಿದ.

ಕೊಡಗಳ ಸಾಲು

ನಮ್ಮ ವಠಾರದ ನೀರಿನ ಕಥೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನನ್ನ ಕೋಣೆಯ ಗೋಡೆಗೆ ಒತ್ತಿಕೊಂಡು, ಮೆಟ್ಟಿಲ ಕೆಳಗೆ, ಸಂಪಿನ ಮೋಟರ್ ಇದೆ. ಮನೆ ಒಡತಿಗೆ ನೆನಪಾದಾಗ ಅದನ್ನು ಹಾಕುತ್ತಾರೆ. ಅದಕ್ಕೆ ಹೊತ್ತು ಗೊತ್ತಿಲ್ಲ. ಮೋಟರ್ ಗುಂಯ್ ಅಂದ ಕೂಡಲೇ ಕೊಡ ಹಿಡಿದು ಅಂಗಳದ ನಲ್ಲಿಗೆ ಓಡಬೇಕು, ಹಿಂದೆ ಬಿದ್ದವರಿಗೆ ಬರೀ ಗಾಳಿ.

ಆಂಪನ್ನು ಮನೆಯೊಳಗಿಟ್ಟು ವೈರು ಚುಚ್ಚಿ ಕೂತೆ. ನಮ್ಮ ಕೋಣೆಯಲ್ಲಿ ಆಂಪಿಗೆ ಮುಖ ಮಾಡದೆ ಕೂರಬೇಕಾದರೆ ಬೀದಿಗೇ ಹೋಗಬೇಕು. ಅತ್ಯಂತ ದಪ್ಪ ತಂತಿಯನ್ನು ಒಮ್ಮೆ ಮೀಟಿದೆ. ಗುಂಯ್ ಎಂದಿತು. ಕೈ ತೆಗೆದೆ, ಇನ್ನೂ ಗುಂಯ್‌ಗುಡುತ್ತಲೇ ಇತ್ತು. ನನ್ನ ಮೀಟಿಗೆ ಇಷ್ಟು ಶಕ್ತಿ ಇದೆಯೇ ಎಂದು ಮೈ ಜುಮ್ಮೆಂದಿತು.

ಹೊರಗೆ ದಡಬಡ ಸದ್ದಾಯಿತು. ಇಣುಕಿದರೆ ಇಡೀ ವಠಾರ ಕೊಡ ಹಿಡಿದು ನಿಂತಿದೆ, ಸರದಿಗಾಗಿ ಆಗಲೇ ಜಗಳ ಹತ್ತಿದೆ, ನಲ್ಲಿ ಮಾತ್ರ ಒಣಗಿದೆ. ಮೋಟರ್ ಹಾಕಿದವರು ಯಾರೆಂದು ಕೇಳುತ್ತ ಒಡತಿಯೂ ಇಳಿದು ಬಂದರು. ನಾನು ಗಾಬರಿಯಿಂದ ಪ್ಲಗ್ ಕಿತ್ತೆ. ಸದ್ದು ನಿಂತದ್ದೇ ಎಲ್ಲರೂ ಸೇರಿ ಮೋಟರಿಗೆ ಶಾಪ ಹಾಕಿದರು. ಈ ಅವಮಾನವನ್ನು ಹೆಂಡತಿಯ ಹತ್ತಿರವಾದರೂ ಹಂಚಿಕೊಳ್ಳೋಣವೆಂದು ತಿರುಗಿದರೆ, ಎದುರಿಗೇ ಕೂತು ನನ್ನನ್ನೇ ನೋಡುತ್ತಿದ್ದವಳು ಅಲ್ಲಿರಲಿಲ್ಲ. ಸಾಲಿನ ಮುಂಚೂಣಿಯಲ್ಲಿ ನಿಂತಿದ್ದಳು.

"ನೀವ ಬಾರಿಸೋದು ಕಣ್ಣಿಗೆ ಕಾಣಾಕತ್ತಿತ್ರಿ," ಅಂದಳು. "ಕಾಲು ಕೇಳಲಿಲ್ಲ."

ಶ್ರಾವಣದ ಕೊನೆಯ ಸೋಮವಾರ

ಅಂದು ಅಕ್ಕಪಕ್ಕದ ವಠಾರದವರನ್ನೂ ಕರೆದಿದ್ದರು. ಆಂಪ್ ತರುತ್ತೇನೆ ಎಂದಾಗ ಮುತ್ಯಾ ಅನುಮಾನದಿಂದಲೇ ಒಪ್ಪಿದ್ದರು. ಆದ್ದರಿಂದ ಮಂಗಳದ ಹಾಡಿನ ತನಕ ಕೈ ಕಟ್ಟಿ ಕೂತಿದ್ದೆ. ಬಯಲಲ್ಲಿ ಗುಂಯ್‌ಗುಡಲಿಕ್ಕಿಲ್ಲ ಎಂಬ ಧೈರ್ಯ ಬೇರೆ. ಆದರೆ ಕೂತದ್ದು ಗೋಡೆಯ ಮೂಲೆಯಲ್ಲಿ, ಆಂಪ್ ನನ್ನ ಮಡಿಲಿಗೇ ತಾಗಿಕೊಂಡಿತ್ತು. ಮಂಗಳ ಶುರುವಾಯಿತು, ಮೆಲ್ಲಗೆ ಮೀಟಿದೆ.

ಮೊದಲು ಮುಂದಿನ ಸಾಲಿನ ಹೆಂಗಸರು ಎದ್ದರು. ಆಮೇಲೆ ಹಿಂದಿನವರು. ಭಜನೆಗೆ ಬಾರದೆ ಮನೆಯೊಳಗೇ ಉಳಿದಿದ್ದವರೂ ಕೊಡ ಹಿಡಿದು ನಲ್ಲಿಗೆ ಓಡಿ ಬಂದರು. ಪಕ್ಕದ ವಠಾರದವರು ತಮ್ಮ ಮೋಟರೇ ಇರಬೇಕೆಂದು ಗೇಟಿನಾಚೆ ಓಡಿದರು. ಢೋಲಕ್‌ನವನಿಗೆ ಅವನ ಹೆಂಡತಿ ನಲ್ಲಿಯ ಹತ್ತಿರದಿಂದ ಕೈ ಬೀಸಿದಳು, ಅವನೂ ಹೋದ. ಕಣ್ಣು ಮುಚ್ಚಿ ಹಾಡುತ್ತಿದ್ದ ಮುತ್ಯಾ ಹಾಡು ಮುಗಿಸಿ ಕಣ್ಣು ಬಿಟ್ಟಾಗ ಜಮಖಾನೆಯ ಮೇಲೆ ಇದ್ದವನು ನಾನೊಬ್ಬನೇ. ನೆಲ ಬಾಯಿ ಬಿಟ್ಟರೆ ಇಳಿದುಹೋಗಲು ನಾನು ಸಿದ್ಧನಿದ್ದೆ. ಈ ಜಾಗದ ಋಣ ಇವತ್ತಿಗೆ ತೀರಿತು ಎಂದು ಗಿಟಾರನ್ನು ಚೀಲಕ್ಕೆ ತುರುಕತೊಡಗಿದೆ.

ಮುತ್ಯಾ ಮಾತ್ರ ನಲ್ಲಿಯ ಕಡೆಯೇ ನೋಡುತ್ತಿದ್ದರು. "ಭಜನಿಗೆ ಬಾ ಅಂತ ಮನಿ ಮನಿಗೆ ಹೋಗಿ ಕರೀತಿದ್ದೆ," ಅಂದರು. "ಇಷ್ಟು ಮಂದಿ ಅದಾರಂತ ನನಗ ಗೊತ್ತೇ ಇರಲಿಲ್ಲ."

ಅಂದಿನಿಂದ ಜಮಖಾನೆಯ ಮೇಲೆ ನನ್ನ ಜಾಗ ಕಾಯಂ. ಭಜನೆ ಶುರುವಾಗುವ ಮೊದಲು ನಾನು ಒಂದೇ ಒಂದು ಸಲ ಮೀಟಬೇಕು. ಎಲ್ಲರೂ ಕೊಡ ಹಿಡಿದು ಬರುತ್ತಾರೆ, ನನ್ನನ್ನು ಬೈಯುತ್ತಾರೆ, ಬಂದದ್ದು ಬಂದಾಯಿತು ಎಂದು ಕೂತುಬಿಡುತ್ತಾರೆ. ನಾನೇ ಎಂದು ಗೊತ್ತಿದ್ದೂ ಬರುತ್ತಾರೆ, ನೀರಿನ ವಿಷಯದಲ್ಲಿ ಯಾರೂ ಧೈರ್ಯ ಮಾಡುವುದಿಲ್ಲ. ಆಮೇಲೆ ನಾನು ಪ್ಲಗ್ ಕಿತ್ತು, ಮನಸ್ಸಿನಲ್ಲಿ ಚಪ್ಪಾಳೆ ತಟ್ಟುತ್ತ ಕೂರುತ್ತೇನೆ.

ಹಬ್ಬ ಬಂತು

ಮೊನ್ನೆ ಕೆಲಸ ಮುಗಿಸಿ ಬಂದಾಗ ಗೇಟಿನ ಹತ್ತಿರ ಮುತ್ಯಾ ನನಗಾಗಿಯೇ ಕಾದು ನಿಂತಿದ್ದರು. ಹತ್ತಿರ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಇವತ್ತು ಮಧ್ಯಾಹ್ನ ಬಾರಿಸಿದೆಲ್ಲ ತಮ್ಮಾ, ಭಾಳ ಛಲೋ ಆತು. ಒಂದೇ ಶ್ರುತಿ, ಎಲ್ಲೂ ಅಳ್ಳಾಡಲಿಲ್ಲ. ಮಲಕೊಂಡು ಪೂರಾ ಕೇಳಿದೆ."

ಎಷ್ಟು ದಿನದಿಂದ ಕಾದಿದ್ದ ಮಾತು. ಮಧ್ಯಾಹ್ನ ನಾನು ವಿಮಾನಪುರದಲ್ಲಿ ಸಾಂಬಾರು ಕಲಕುತ್ತಿದ್ದೆ, ಗಿಟಾರು ಬೀಗ ಹಾಕಿದ ಕೋಣೆಯಲ್ಲಿ ಮೊಳೆಗೆ ನೇತಾಡುತ್ತಿತ್ತು ಎಂಬುದು ಆಮೇಲೆ ಹೊಳೆಯಿತು. ಅಂಗಳದಲ್ಲಿ ಒಡತಿ, ಅಷ್ಟು ಹೊತ್ತು ಮೋಟರ್ ಹಾಕಿದರೂ ಒಬ್ಬರೂ ನೀರು ಹಿಡಿಯಲು ಬರಲಿಲ್ಲವಲ್ಲ ಎಂದು ಕೂಗಾಡುತ್ತಿದ್ದರು. ಗಿಟಾರೇ ಇರಬೇಕೆಂದು ಅಂದು ಮೊದಲ ಸಲ ಧೈರ್ಯ ಮಾಡಿ ಮನೆಯಲ್ಲೇ ಉಳಿದಿದ್ದ ವಠಾರದವರೆಲ್ಲ ಖಾಲಿ ಕೊಡ ಹಿಡಿದು, ನಿನ್ನಿಂದಲೇ ಆದದ್ದು ಎಂಬಂತೆ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು.

ಮುತ್ಯಾ ಇನ್ನೂ ನನ್ನ ಕೈ ಬಿಟ್ಟಿರಲಿಲ್ಲ. ಮೋಟರಿನ ಪರವಾಗಿ ನಾನೇ ಬಾಗಿ ಅವರ ಕಾಲಿಗೆ ನಮಸ್ಕಾರ ಮಾಡಿದೆ.