ಮಡಚದ ಮಡಚುಚೂರಿ

ಮಾವನ ಮನೆಯಲ್ಲಿ ಅಳಿಯನಾದವನು ಬಗ್ಗುವುದಕ್ಕೆ ಹಲವು ಕಾರಣಗಳಿರುತ್ತವೆ. ಬಾಗಿಲು ಗಿಡ್ಡವಿರುತ್ತದೆ. ಅತ್ತೆಯ ಕಾಲು ಮುಟ್ಟಬೇಕಾಗುತ್ತದೆ. ಹೊಟ್ಟೆ ಬಿರಿಯುವಷ್ಟು ಹೋಳಿಗೆ ತಿಂದ ಮೇಲೆ ನೆಟ್ಟಗೆ ನಿಲ್ಲಲು ಹೇಗೂ ಬರುವುದಿಲ್ಲ. ಇದನ್ನೆಲ್ಲ ಹೊನ್ನಾವರದ ವಕೀಲರೊಬ್ಬರ ಕಾರಕೂನ ವಿಘ್ನೇಶ್ವರ ಭಟ್ಟ ಸಹಿಸಿಕೊಂಡೇ ಬಂದಿದ್ದ. ಅವನಿಂದ ಸಹಿಸಲಾಗದ್ದು ಒಂದೇ ಒಂದು, ಚೂರಿಗಾಗಿ ಬಗ್ಗುವುದು.

ಮಿರ್ಜಾನದ ಅವನ ಮಾವ ನಾಗಪತಿ ಹೆಗಡೆಯವರ ಮನೆಯಲ್ಲಿ ಊಟವಾದ ಮೇಲೆ ಜಗಲಿಯಲ್ಲಿ ಚಾಪೆ ಬೀಳುತ್ತಿತ್ತು, ಎಲೆಯಡಿಕೆಯ ಕವಳದ ತಬಕು ಬರುತ್ತಿತ್ತು. ಗಂಡಸರೆಲ್ಲ ಸಂಚಿಯಿಂದ ತಮ್ಮ ತಮ್ಮ ಚೂರಿ ತೆಗೆದು ಅಡಿಕೆ ಕೆತ್ತಲು ಕೂರುತ್ತಿದ್ದರು. ವಿಘ್ನೇಶ್ವರನ ಸಂಚಿಯಲ್ಲಿ ಎಲೆ ಇತ್ತು, ಸುಣ್ಣವಿತ್ತು, ತಂಬಾಕೂ ಇತ್ತು. ಚೂರಿ ಇರಲಿಲ್ಲ. ಪ್ರತಿ ಸಲವೂ ಹೆಂಡತಿಯ ತಮ್ಮ ಮಾಬ್ಲನ ಹತ್ತಿರವೇ ಕೇಳಬೇಕು. ಆ ಸೀಮೆಯಲ್ಲಿ ಚೂರಿಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟರೆ ಇಬ್ಬರಿಗೂ ಜಗಳ ಬೀಳುತ್ತದೆಂದು ನಂಬಿಕೆ. ನೆಲದ ಮೇಲೆ ಇಡಬೇಕು, ಬೇಕಾದವನು ಎತ್ತಿಕೊಳ್ಳಬೇಕು. (ನೆಲದಿಂದ ಎತ್ತಿಕೊಂಡವರೂ ಆ ಸೀಮೆಯಲ್ಲಿ ಜಗಳಕ್ಕೇನೂ ಕಡಿಮೆ ಮಾಡಿಲ್ಲ, ಆ ಮಾತು ಬೇರೆ.) ಮಾಬ್ಲ ಶಾಸ್ತ್ರವನ್ನು ಅಕ್ಷರಶಃ ಪಾಲಿಸುತ್ತಿದ್ದ. ಕಾಲು ನೀಡಿ ಕುಳಿತವನು ಚೂರಿಯನ್ನು ಸರಿಯಾಗಿ ತನ್ನ ಹೆಬ್ಬೆರಳ ಬುಡದಲ್ಲೇ ಇಡುತ್ತಿದ್ದ.

"ತಗಳಿ ಭಾವ," ಎನ್ನುತ್ತಿದ್ದ, "ಆಯುಷ್ಮಾನ್ ಭವ ಹೇಳವನ?"

ಚಾಪೆಯ ಮೇಲೆ ನಗೆ ಹಬ್ಬುತ್ತಿತ್ತು. ಮಾವನವರು ಸಹ, ದೊಡ್ಡವರೆಂಬ ಲಜ್ಜೆ ಇಲ್ಲದೆ, ಬಾಯಿಯ ಕವಳ ಹೊರಗೆ ಬರುವಷ್ಟು ನಗುತ್ತಿದ್ದರು. ಕೊನೆಯ ಸಲ ಹೀಗಾದಾಗ ವಿಘ್ನೇಶ್ವರ ಬಗ್ಗಿದ ಭಂಗಿಯಲ್ಲೇ ಒಂದು ಭೀಷ್ಮಪ್ರತಿಜ್ಞೆ ಮಾಡಿದ. ತಾನೂ ಒಂದು ಚೂರಿ ಕೊಳ್ಳಬೇಕು. ಅದರ ಎದುರಿಗೆ ಮಾಬ್ಲನ ಚೂರಿ ಕಿವಿಕಡ್ಡಿಯ ಹಾಗೆ ಕಾಣಬೇಕು. ಅದನ್ನು ಒಮ್ಮೆ ಮುಟ್ಟಿ ನೋಡುತ್ತೇನೆಂದು ಮಾವನ ಮನೆಯ ಗಂಡುಸಂತಾನವೆಲ್ಲ ತನ್ನ ಕಾಲಬುಡದಲ್ಲಿ ಬಗ್ಗಬೇಕು.

ಅಂಥ ಚೂರಿಯನ್ನು ಆರಿಸುವುದು ವರ ಹುಡುಕಿದಷ್ಟೇ ಕಷ್ಟವಾಯಿತು. ವಕೀಲರ ಮೇಜಿನ ಮೇಲಿದ್ದ ಚಾಕು ಪೆನ್ಸಿಲ್ಲಿಗಷ್ಟೇ ಲಾಯಕ್ಕು. ಕುಮಟೆಯ ಅಂಗಡಿಯಲ್ಲಿ ಸಿಕ್ಕಿದ್ದು ನೋಡಿದರೆ ಮಾಬ್ಲನ ಚೂರಿಯ ಒಡಹುಟ್ಟು. ಕಮ್ಮಾರನ ಕತ್ತಿ ಗಟ್ಟಿಯೇನೋ ಹೌದು, ಆದರೆ ಮಡಚುವುದಿಲ್ಲ. ಮಡಚದ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೋರ್ಟಿಗೆ ಹೋದರೆ ಕಾರಕೂನನೇ ಕಟಕಟೆ ಹತ್ತಬೇಕಾಗುತ್ತದೆ. ಮಡಚಬೇಕು, ಕಿಸೆಯಲ್ಲಿ ಕೂರಬೇಕು, ಹೊತ್ತು ಬಂದರೆ ಹುಲಿಯನ್ನೂ ಕೆಡವಬೇಕು. ಹೊನ್ನಾವರದ ಪೇಟೆಯಲ್ಲಿ ಹುಲಿ ಸಿಗುವುದು ಅಪರೂಪವೇ. ಆದರೂ ಸಿಕ್ಕರೆ?

"ಉಗುರಲ್ಲಿ ಹೋಪದಕ್ಕೆ ಕೊಡಲಿ ಎಂತಕ್ಕೆ?" ಎಂದಳು ಹೆಂಡತಿ ಮೂಕಾಂಬಿಕೆ. (ಹೆಸರಿನ ಮೊದಲ ಎರಡು ಅಕ್ಷರಗಳನ್ನು ನಂಬಿ ವಿಘ್ನೇಶ್ವರ ಅವಳನ್ನು ಮದುವೆಯಾಗಿದ್ದ. ಮೋಸ ಹೋದ.)

"ನಿಂಗೆ ಗೊತ್ತಾಗ್ತಿಲ್ಲೆ. ಗಂಡಸ್ರ ಹತ್ರ ಒಂದು ಆಯುಧ ಇರವು."

"ಹೆಂಗಸ್ರ ಆಯುಧದ ಬಾಯಿ ಮೊಂಡಾಜು, ಮೊದ್ಲು ಅದ್ನ ನೋಡಿ. ಮೆಟ್ಟುಗತ್ತಿಲಿ ಬದನೆಕಾಯಿ ಹೆಚ್ಚಲೆ ಕೂತ್ರೆ ಅರ್ಧ ಹೆಚ್ಚ್ತು, ಅರ್ಧ ಜಜ್ಜ್ತು. ಭಟ್ಕಳಕ್ಕೆ ಹೋಪದಾದ್ರೆ ಯಂಗೊಂದು ಮೆಟ್ಟುಗತ್ತಿ ತನ್ನಿ."

"ಆತು, ತತ್ತೆ."

ವಕೀಲರ ಕಾಗದಪತ್ರ ತಲುಪಿಸುವ ನೆಪ ಸಿಕ್ಕಿತು. ವಿಘ್ನೇಶ್ವರ ತಾರಿಯ ದೋಣಿಯಲ್ಲಿ ಶರಾವತಿ ದಾಟಿ, ಬಸ್ಸು ಹಿಡಿದು ಭಟ್ಕಳಕ್ಕೆ ಹೋದ. ಕೋರ್ಟಿನ ಕೆಲಸ ಮುಗಿದ ಮೇಲೆ ನೆಟ್ಟಗೆ ಮೊಹಿದ್ದೀನ್ ಸಾಹೇಬರ ಅಂಗಡಿ. ಹಡಗಿನಿಂದ ಇಳಿದ ಅತ್ತರು, ಬ್ಯಾಟರಿ, ಕೊಡೆ, ಕನ್ನಡಿ, ಏನುಂಟು ಏನಿಲ್ಲ ಅಲ್ಲಿ!

"ಭಟ್ರೇ, ಹಗುರದ್ದು ಬೇಕೋ, ಭಾರದ್ದು ಬೇಕೋ?"

"ಭಾರದ್ದು."

"ಎಂತ ಕೊಯ್ಲಿಕ್ಕೆ?"

ಅಡಿಕೆ ಎಂದು ಹೇಳಲು ವಿಘ್ನೇಶ್ವರನ ನಾಲಿಗೆ ಏಳಲಿಲ್ಲ. "ಎಲ್ಲದಕ್ಕೂ," ಎಂದ ಗಂಭೀರವಾಗಿ.

ಸಾಹೇಬರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಒಳಗಿನ ಪೆಟ್ಟಿಗೆಯಿಂದ ಎಣ್ಣೆಬಟ್ಟೆಯಲ್ಲಿ ಸುತ್ತಿದ್ದ ಒಂದು ವಸ್ತು ತೆಗೆದರು. ಕೊಂಬಿನ ಹಿಡಿ, ಹಿತ್ತಾಳೆಯ ಕಟ್ಟು, ಒಂದು ಅಂಗೈ ತುಂಬಿ ಮಿಕ್ಕುವ ಗಾತ್ರ. "ಹಡಗಿನ ಖಲಾಸಿಗಳದ್ದು. ಹಗ್ಗ ಕೊಯ್ತದೆ, ಹಲಗೆ ಸೀಳ್ತದೆ. ನೋಡಿ, ಪೂರಾ ಬಿಚ್ಚಬೇಕು, ಖಟ್ ಅಂತದೆ. ಅಲಗು ಅಲ್ಲೇ ಕಚ್ಚಿ ಕೂತ್ಕೊಳ್ತದೆ. ಕೆಲಸದ ಮಧ್ಯ ಮಡಚಿ ನಿಮ್ಮ ಬೆರಳು ತಿನ್ನೂದಿಲ್ಲ. ಮುಚ್ಚೂಕೆ ಮಾತ್ರ ಇಲ್ಲಿ ಹಿಂದ್ಗಡೆ..."

ಸಾಹೇಬರು ಹಿಂದುಗಡೆ ಎಲ್ಲಿ ಏನು ಮಾಡಬೇಕೆಂದು ವಿವರವಾಗಿಯೇ ಹೇಳಿದರು. ಆದರೆ ಆ 'ಖಟ್' ಕೇಳಿದ ಕ್ಷಣದಿಂದ ವಿಘ್ನೇಶ್ವರ ಭಟ್ಕಳದಲ್ಲಿ ಇರಲೇ ಇಲ್ಲ. ಅವನು ಮಿರ್ಜಾನದ ಚಾಪೆಯ ಮೇಲೆ ಕಾಲು ನೀಡಿ ಕುಳಿತಿದ್ದ, ಮಾಬ್ಲ ಬಗ್ಗುತ್ತಿದ್ದ.

"ಅರ್ಥ ಆತಾ ಭಟ್ರೇ?"

"ಆತು, ಆತು. ಕಟ್ಟಿ ಕೊಡಿ."

ಕೋಟಿನ ಬಲಗಿಸೆಗೆ ಇಳಿದ ಚೂರಿ ಕೋಟನ್ನೂ ಒಳಗಿದ್ದ ಮನುಷ್ಯನನ್ನೂ ಒಟ್ಟಿಗೆ ಒಂದು ಬದಿಗೆ ವಾಲಿಸಿತು. ಸಮತೂಕಕ್ಕೆಂದು ಅವನು ಎಡಗಿಸೆಯ ತುಂಬ ಅಡಿಕೆ ತುಂಬಿಕೊಂಡು ಮನೆಗೆ ಬಂದ.

"ಮೆಟ್ಟುಗತ್ತಿ ಎಲ್ಲಿ?" ಎಂದಳು ಮೂಕಾಂಬಿಕೆ.

ವಿಘ್ನೇಶ್ವರ ಮುಖದಲ್ಲಿ ಮುಗುಳ್ನಗೆ ತಂದುಕೊಂಡು ಬಾಳೆಲೆಯ ಪೊಟ್ಟಣ ಮುಂದೆ ಹಿಡಿದ. "ಭಟ್ಕಳ ಮಲ್ಲಿಗೆ ತಂದಿದ್ದೆ."

"ಬದನೆಕಾಯಿನ ಮಲ್ಲಿಗೆಲಿ ಹೆಚ್ಚವ?"

ಅಂದು ರಾತ್ರಿಯ ಊಟಕ್ಕೆ ಬದನೆಕಾಯಿ ಇಡಿಯಾಗಿಯೇ ಬಂತು.

ಅಭ್ಯಾಸ ಶುರುವಾಯಿತು. ಚೂರಿ ಸುಲಭಕ್ಕೆ ಬಿಚ್ಚುವ ಜಾತಿಯದಲ್ಲ. ತೆಂಗಿನೆಣ್ಣೆ ಹಾಕಿದ, ಹೆಬ್ಬೆರಳ ಉಗುರು ಮುರಿದುಕೊಂಡ, ಕೊನೆಗೆ ಅರ್ಧ ಬಿಚ್ಚುವಷ್ಟು ಪರಿಣತನಾದ. ಅರ್ಧದಲ್ಲಿ ಬಿಟ್ಟರೆ ಅದು ತಾನಾಗಿ ಪಟಕ್ಕನೆ ಮುಚ್ಚಿಕೊಳ್ಳುತ್ತಿತ್ತು. ಪೂರಾ ಬಿಚ್ಚಲು ಧೈರ್ಯ ಸಾಲಲಿಲ್ಲ. ಅದನ್ನು ಮಿರ್ಜಾನಕ್ಕೆಂದು ಮೀಸಲಿಟ್ಟಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡ.

ಆ ದಿನವೂ ಬಂತು. ಮಾವನ ಮನೆಯಲ್ಲಿ ಸತ್ಯನಾರಾಯಣ ಕಥೆ. ಪುರೋಹಿತರು ಕಥೆ ಓದುವಾಗ ಎಲ್ಲರೂ ಎಂದಿನಂತೆ ತೂಕಡಿಸಿದರು. ವ್ಯಾಪಾರಿಯ ಹಡಗು ಮುಳುಗಿದರೂ ಒಬ್ಬರೂ ಕಣ್ಣು ಬಿಡಲಿಲ್ಲ. ವಿಘ್ನೇಶ್ವರ ಒಬ್ಬನೇ ಕಿಸೆಯ ಮೇಲೆ ಕೈಯಿಟ್ಟುಕೊಂಡು ಎಚ್ಚರವಾಗಿದ್ದ. ಇಂಥ ಭಕ್ತ ಅಳಿಯ ಯಾರಿಗೆ ಸಿಗುತ್ತಾನೆಂದು ಅತ್ತೆಗೆ ಕಣ್ಣು ತುಂಬಿ ಬಂತು.

ಊಟವಾಯಿತು, ಚಾಪೆ ಬಿತ್ತು, ತಬಕು ಬಂತು. ಮಾಬ್ಲ ತನ್ನ ಚೂರಿಯನ್ನು ಹೆಬ್ಬೆರಳ ಬುಡದಲ್ಲಿಟ್ಟು, "ತಗಳಿ ಭಾವ," ಎಂದ.

"ಬ್ಯಾಡ," ಎಂದ ವಿಘ್ನೇಶ್ವರ. "ಯನ್ನ ಹತ್ರ ಇದ್ದು. ಭಟ್ಕಳದ ಸಾಹೇಬನ ಅಂಗಡಿದು."

ಕಿಸೆಯಿಂದ ಚೂರಿ ಹೊರಬಿತ್ತು. ವಿಘ್ನೇಶ್ವರ ಹಲ್ಲು ಕಚ್ಚಿ, ಮಾವನ ಮನೆಯಲ್ಲಿ ಬಗ್ಗಿದ ಸಲಗಳನ್ನೆಲ್ಲ ನೆನೆದುಕೊಂಡು ಎಳೆದ. ಖಟ್! ಅಲಗು ಪೂರಾ ಬಿಚ್ಚಿ ನಿಂತಿತು. ಮಾಬ್ಲ ನೀಡಿದ್ದ ಕಾಲನ್ನು ತನಗೆ ಗೊತ್ತಿಲ್ಲದಂತೆ ಮಡಚಿಕೊಂಡ. ವಿಘ್ನೇಶ್ವರನ ಜನ್ಮ ಸಾರ್ಥಕವಾಯಿತು.

ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಿತ್ತು. ಅವನು ಅಡಿಕೆಯ ಮೇಲೆ ಅಲಗು ಊರಿ ಒತ್ತಿದ. ಹಡಗಿನ ಹಗ್ಗಕ್ಕೆ ಹುಟ್ಟಿದ ಅಲಗಿಗೆ ಅಡಿಕೆಯ ಅಂದಾಜು ಎಲ್ಲಿಂದ ಬರಬೇಕು? ಅಡಿಕೆ ಟಣ್ಣನೆ ಸಿಡಿದು, ಕಂಬಕ್ಕೊರಗಿ ಮಲಗಿದ್ದ ಪುರೋಹಿತರ ನೆತ್ತಿಗೆ ಬಡಿಯಿತು. ಅವರು ಎದ್ದು ಕುಳಿತು, ಅಭ್ಯಾಸಬಲದಿಂದ, "ಸತ್ಯನಾರಾಯಣ ಸ್ವಾಮಿಗೆ ಜಯವಾಗಲಿ" ಎಂದರು. ಪೂಜೆಯ ಫಲ ಇಷ್ಟು ಬೇಗ ಸಿಕ್ಕಿದ್ದು ಆ ಮನೆಯಲ್ಲಿ ಅದೇ ಮೊದಲು.

ಗಡಿಬಿಡಿಯಲ್ಲಿ ವಿಘ್ನೇಶ್ವರ ಚೂರಿ ಮಡಚಲು ಹೋದ. ಅದು ಮಡಚಲಿಲ್ಲ. ತೊಡೆಗೆ ಒತ್ತಿ ನೋಡಿದ, ಕಂಬಕ್ಕೆ ಒತ್ತಿ ನೋಡಿದ. ಅಲಗು ಸೆಟೆದು ನಿಂತೇ ಇತ್ತು.

"ಇಡಿ ಭಾವ, ಆನು ನೋಡ್ತೆ," ಎಂದ ಮಾಬ್ಲ.

ವಿಘ್ನೇಶ್ವರ ಚೂರಿಯನ್ನು ತನ್ನ ಕಾಲಬುಡದಲ್ಲಿಟ್ಟ. ಮಾಬ್ಲ ಬಗ್ಗಿ ಎತ್ತಿಕೊಂಡ! ಆದರೆ ಮಡಚಲಾಗದೆ ಅವನು ತನ್ನ ಕಾಲಬುಡದಲ್ಲಿಟ್ಟ, ವಿಘ್ನೇಶ್ವರ ಬಗ್ಗಿ ಎತ್ತಿಕೊಂಡ. ಆಮೇಲೆ ದಾಯಾದಿಗಳು ಬಗ್ಗಿದರು, ಮಾವನವರು ಸೊಂಟ ಹಿಡಿದುಕೊಂಡು ಬಗ್ಗಿದರು. ಒಬ್ಬೊಬ್ಬರಾದ ಮೇಲೂ ವಿಘ್ನೇಶ್ವರ ಮತ್ತೆ ಬಗ್ಗಿದ. ಅವರೆಲ್ಲ ಒಂದೊಂದು ಸಲ ಬಗ್ಗಿದ್ದರು. ಎಲ್ಲರ ಲೆಕ್ಕವೂ ಇವನೊಬ್ಬನ ಬೆನ್ನಿನ ಮೇಲೆ ಬಿದ್ದಿತ್ತು.

"ಮಡಚ ಚೂರಿ ಹೇಳಿ ಕೊಟ್ಟಿದ್ನ ಸಾಹೇಬ?" ಎಂದ ಮಾಬ್ಲ. "ಹಂಗಾರೆ ಅಂವ ನಿಂಗಳ ಸೊಂಟ ನೋಡೇ ಕೊಟ್ಟಿದ್ದ."

ಸಂಜೆಯ ಬಸ್ಸಿಗೆ ಹೊರಡಬೇಕು. ಬಿಚ್ಚಿದ ಚೂರಿ ಕಿಸೆಗೆ ಹೋಗುವುದಿಲ್ಲ, ಕೈಯಲ್ಲಿ ಹಿಡಿದರೆ ಕಂಡಕ್ಟರು ಹತ್ತಿಸುವುದಿಲ್ಲ. ಇಲ್ಲೇ ಬಿಟ್ಟು ಹೋದರೆ ಅದು ಮಾಬ್ಲನ ಪಾಲಾಗುತ್ತದೆ. ಅದಕ್ಕಿಂತ ಅಘನಾಶಿನಿ ಹೊಳೆಗೆ ಎಸೆಯುವುದು ಮೇಲು. ಅಷ್ಟರಲ್ಲಿ ಅತ್ತೆ ಮಗಳಿಗೆಂದು ದೊಡ್ಡದೊಂದು ಮೊಗೆಕಾಯಿ ತಂದರು. ಮೂಕಾಂಬಿಕೆ ಗಂಡನನ್ನೊಮ್ಮೆ, ಆ ಹೊಟ್ಟೆತುಂಬಿದ ಸೌತೆಕಾಯಿಯನ್ನೊಮ್ಮೆ ನೋಡಿದಳು. ನೆಲದ ಮೇಲಿದ್ದ ಚೂರಿ ಎತ್ತಿ, ಕಚಕ್ಕನೆ ಮೊಗೆಕಾಯಿಗೆ ಹಿಡಿಯವರೆಗೂ ಇಳಿಸಿದಳು.

"ತಗಳಿ. ಇನ್ನು ಯಾರಿಗೂ ತಾಗ್ತಿಲ್ಲೆ. ಹೊತ್ಗಂಡು ನಡೀರಿ."

ಹೀಗೆ ಕೋಟು ತೊಟ್ಟ ಕಾರಕೂನ ವಿಘ್ನೇಶ್ವರ ಭಟ್ಟ, ಹಣೆಯಲ್ಲಿ ಪೂಜೆಯ ಕುಂಕುಮ ಹೊತ್ತು, ಚೂರಿ ನೆಟ್ಟ ಮೊಗೆಕಾಯಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತ. ಪಕ್ಕದಲ್ಲಿದ್ದ ತರಕಾರಿ ಮಾರುವ ಹೊನ್ನಮ್ಮ ಕುಂಕುಮ ನೋಡಿದಳು, ಕಾಯಿ ನೋಡಿದಳು, ಚೂರಿ ನೋಡಿದಳು. ಬುಟ್ಟಿ ಎತ್ತಿಕೊಂಡು ಎದ್ದೇಬಿಟ್ಟಳು.

"ಭಟ್ರೇ, ಯಾರ ಮೇಲೆ ಮಾಡ್ಸಿದ್ದು ಇದು?"

"ಯಾರ ಮೇಲೂ ಅಲ್ಲ ಮಾರಾಯ್ತಿ! ಇದು ಹುಳಿಗೆ!"

"ಹುಳಿಗೆ ಚೂರಿ ಹೊಡ್ದು ಬಸ್ಸಲ್ಲಿ ಮೆರ್‍ಸೂದು ನಾ ಎಲ್ಲೂ ಕಾಣ್ಲಿಲ್ಲ!"

ಮಾತು ಬಸ್ಸಿನ ಈ ತುದಿಯಿಂದ ಆ ತುದಿಗೆ ಹೋಗಿ ಬರುವಷ್ಟರಲ್ಲಿ ಅದು ಮಾಟವೆಂದು ತೀರ್ಮಾನವಾಗಿತ್ತು, ಯಾರ ಮೇಲೆ ಎಂಬುದಷ್ಟೇ ಬಾಕಿ. ಕುಮಟೆಯಲ್ಲಿ ಜನ ನಿಂತು ಪ್ರಯಾಣ ಮಾಡಿದರೇ ಹೊರತು ಅವನ ಪಕ್ಕದಲ್ಲಿ ಕೂರಲಿಲ್ಲ. ಕಂಡಕ್ಟರ್ ದೂರದಿಂದಲೇ ಟಿಕೀಟು ಚಾಚಿದ. ಮುಂದಿನ ಸೀಟಿನಲ್ಲಿದ್ದ ಮೂಕಾಂಬಿಕೆಯನ್ನು ಯಾರೋ ಕೇಳಿದರು, "ಅಮ್ಮಾ, ಅವ್ರು ನಿಮ್ಮ ಯಜಮಾನ್ರಾ?"

"ಅಲ್ಲ," ಎಂದಳು ಆ ಪತಿವ್ರತೆ ಹಿಂದೆ ತಿರುಗದೆ. "ನಾನೂ ಇವತ್ತೇ ನೋಡಿದ್ದು."

ಮರುದಿನ ಬೆಳಿಗ್ಗೆ ವಿಘ್ನೇಶ್ವರ ಏಳುವಾಗ ಅಡಿಗೆಮನೆಯಿಂದ ಒಂದು ಸದ್ದು ಕೇಳಿತು. ಖಟ್. ಓಡಿ ಹೋಗಿ ನೋಡಿದ. ಮೊಗೆಕಾಯಿ ಒಂದೇ ಸಮನಾದ ಹೋಳುಗಳಾಗಿ ತಟ್ಟೆಯಲ್ಲಿತ್ತು. ಚೂರಿ ತೊಳೆದು, ಒರೆಸಿ, ಮಡಚಿ ಮೂಕಾಂಬಿಕೆಯ ಕೈಯಲ್ಲಿತ್ತು.

"ಹ್ಯಾಂಗೆ ಮಡಚಿದೆ?"

"ಹಿಂದ್ಗಡೆ ಒತ್ತಿದಿ. ಮಡಚ್ತು. ಸಾಹೇಬ ಹೇಳಿದ್ನಿಲ್ಯ?"

ವಿಘ್ನೇಶ್ವರನಿಗೆ ಅತ್ತುಬಿಡೋಣ ಅನ್ನಿಸಿತು. ಅದನ್ನು ನುಂಗಿಕೊಂಡು, "ಕೊಡು ಇತ್ಲಾಗೆ," ಎಂದು ಕೈ ಚಾಚಿದ.

"ಎಂತಕ್ಕೆ? ಯಂಗೊಂದು ಮೆಟ್ಟುಗತ್ತಿ ತತ್ತೆ ಹೇಳಿದಿದ್ರಿ, ಇದೇ ಬಂತು. ಬದನೆಕಾಯಿ ಹೆಚ್ಚ್ತು, ಕಾಯಿ ಒಡೆತು, ಕೆಲ್ಸ ಆದ್ಮೇಲೆ ಮಡಚಿ ಇಡ್ಲಕ್ಕು. ನಿಂಗಕ್ಕೆ ಕವಳಕ್ಕೆ ಬೇಕಾದಾಗ ಕೇಳಿ, ಕೊಡ್ತೆ."

"ಈಗ್ಲೇ ಬೇಕು."

"ಕೈಗೆ ಕೊಡ್ಲಾಗ. ಜಗಳ ಆಗ್ತು," ಎಂದು ಮೂಕಾಂಬಿಕೆ ಕಾಲು ನೀಡಿ, ಚೂರಿಯನ್ನು ತನ್ನ ಹೆಬ್ಬೆರಳ ಬುಡದಲ್ಲಿಟ್ಟಳು. ಎಷ್ಟಾದರೂ ಮಾಬ್ಲನ ಅಕ್ಕ.

ಅಂದಿನಿಂದ ಹೊನ್ನಾವರದ ಆ ಮನೆಯಲ್ಲಿ ಅದೇ ಪದ್ಧತಿಯಾಯಿತು. ಒಂದು ದಿನ ವಿಘ್ನೇಶ್ವರ ಊಟ ಮುಗಿಸಿ, ಕೈ ಒರೆಸಿಕೊಂಡು, ಹೆಂಡತಿಯ ಎದುರು ಬಗ್ಗಿದ್ದ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಮಾಬ್ಲ ಬಂದು ನಿಂತ. ಭಾವ ಗಡಿಬಿಡಿಯಲ್ಲಿ ಮಿರ್ಜಾನದಲ್ಲಿ ಮರೆತು ಬಂದಿದ್ದ ಕೊಡೆ ಅವನ ಕೈಯಲ್ಲಿತ್ತು. ಅಕ್ಕನ ಕಾಲು, ಅಲ್ಲಿ ಬಾಗಿದ ಭಾವನ ಬೆನ್ನು, ಎರಡನ್ನೂ ಅವನು ಬಹಳ ಹೊತ್ತು ಭಕ್ತಿಯಿಂದ ನೋಡಿದ.

"ಅಕ್ಕಾ," ಎಂದ ಮೆಲ್ಲಗೆ, "ಈ ನಮಸ್ಕಾರ ದಿನಾ ಇದ್ದ?"

"ಇದ್ದು," ಎಂದಳು ಮೂಕಾಂಬಿಕೆ. "ಕವಳ ಹಾಕಿದಷ್ಟು ಸಲ."