ಭಾಷಣ ಮುಗಿಯುವವರೆಗೆ ಪೈಲಟ್

ನಮ್ಮ ಸೋದರಮಾವ ಹೆಲಿಕಾಪ್ಟರ್ ಪೈಲಟ್. ಒಮ್ಮೆಯೂ ಹೆಲಿಕಾಪ್ಟರ್ ಹಾರಿಸಿಲ್ಲ ಎನ್ನುವುದೊಂದನ್ನು ಬಿಟ್ಟರೆ ಆ ವೃತ್ತಿಗೆ ಬೇಕಾದ ಎಲ್ಲ ಅರ್ಹತೆಯೂ ಅವರಿಗಿದೆ! ಹನ್ನೆರಡು ವರ್ಷಗಳಿಂದ ಪತ್ರಿಕೆಗೆ ಸುದ್ದಿ ಬರೆಯುತ್ತಿರುವ ನಾನು ಕಂಡದ್ದನ್ನು ಬರೆಯುವವನು, ಕೇಳಿದ್ದನ್ನು ಇನ್ನೊಬ್ಬರ ಬಾಯಿಂದ ಖಚಿತಪಡಿಸಿಕೊಂಡು ಬರೆಯುವವನು. ಆದ್ದರಿಂದ ಮುಂದೆ ಎಲ್ಲಿಯಾದರೂ ಉತ್ಪ್ರೇಕ್ಷೆ ಕಂಡರೆ ಅದು ಮಾವನದು, ನನ್ನದಲ್ಲ.

ಮಾವನಿಗೆ ಈಗ ಐವತ್ತಾರು. ಶಿಕಾರಿಪುರದಲ್ಲಿ ಒಂದು ಟ್ರ್ಯಾಕ್ಟರ್, ಅದರ ಹಿಂದೊಂದು ನೀರಿನ ಟ್ಯಾಂಕರ್, ಈಸೂರಿನ ದಾರಿಯಲ್ಲಿ ಒಂದಿಷ್ಟು ಮೆಕ್ಕೆಜೋಳದ ಹೊಲ. ಡಿಗ್ರಿ ಮುಗಿಸಿದ ವರ್ಷ ಅವರು ಪೈಲಟ್ ತರಬೇತಿಗೆ ಅರ್ಜಿ ಹಾಕಿದ್ದರು. ಕರೆಪತ್ರ ಬರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಒಂದು ವರ್ಷ ಕಾದು ಮರೆಯುತ್ತಿದ್ದರು. ಮಾವ ಮರೆಯಲಿಲ್ಲ, ಹಾಗಂತ ಬೇಸರವನ್ನೂ ಪಡಲಿಲ್ಲ. ಪೇಟೆಯಲ್ಲಿ ಯಾರಾದರೂ "ಏನ್ರೀ ಪೈಲಟ್ರೇ, ಕರೆ ಬಂತಾ?" ಎಂದು ಕಾಲೆಳೆದರೆ, "ಟಪಾಲು ತಡ ಐತಿ ಕಣ್ರೀ" ಎನ್ನುತ್ತಾರೆ. ಮೂವತ್ತನಾಲ್ಕು ವರ್ಷ ತಡ!

ಈ ಮಾತು ನಮ್ಮ ಮನೆಯಲ್ಲಿ ಬಂದಾಗಲೆಲ್ಲ ಅವ್ವನಿಗೆ ಒಲೆಯ ಮೇಲೆ ಹಾಲು ಉಕ್ಕುತ್ತಿರುವುದು ನೆನಪಾಗುತ್ತಿತ್ತು. ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ನಮ್ಮ ಮನೆಯಲ್ಲಿ ಅಷ್ಟೊಂದು ಹಾಲು ಎಲ್ಲಿತ್ತು ಎಂದು ನಾನು ಎಂದೂ ಯೋಚಿಸಲಿಲ್ಲ. ಅವ್ವ ಮಾವನ ಅಕ್ಕ. ನಾನು ತೊಟ್ಟಿಲಲ್ಲಿರುವಾಗಲೇ ಅಪ್ಪ ತೀರಿಕೊಂಡರು. ಮಾವ ಬಂದು ಅಕ್ಕನನ್ನೂ ನನ್ನನ್ನೂ ಶಿಕಾರಿಪುರಕ್ಕೆ ಕರೆತಂದರು. ನಾನು ಬೆಳೆದದ್ದು ಅವರ ಮನೆಯಲ್ಲೇ.

ಕರೆಪತ್ರ ಬಾರದಿದ್ದರೇನು, ಹೆಲಿಕಾಪ್ಟರೇ ಬರುತ್ತಿತ್ತಲ್ಲ! ಚುನಾವಣೆ ಬಂತೆಂದರೆ ಶಿಕಾರಿಪುರ ಮತ್ತು ಸೊರಬದ ಬಯಲುಗಳಲ್ಲಿ ದನಗಳಿಗಿಂತ ಹೆಲಿಕಾಪ್ಟರುಗಳೇ ಹೆಚ್ಚು. ಅವು ಇಳಿಯುವ ಜಾಗಕ್ಕೆ ಧೂಳು ಏಳದಂತೆ ನೀರು ಹೊಡೆಯಬೇಕು. ಸುಣ್ಣದ ಪುಡಿಯಲ್ಲಿ ದೊಡ್ಡ ವೃತ್ತ ಬರೆದು ನಡುವೆ 'ಎಚ್' ಅಕ್ಷರ ಹಾಕಬೇಕು. ಗಾಳಿ ಯಾವ ಕಡೆಗಿದೆ ಎಂದು ಮೇಲಿನವರಿಗೆ ತಿಳಿಯಲು ಒದ್ದೆ ಹುಲ್ಲಿಗೆ ಬೆಂಕಿಯಿಟ್ಟು ಹೊಗೆ ಎಬ್ಬಿಸಬೇಕು. ಎರಡೂ ತಾಲ್ಲೂಕಿನಲ್ಲಿ ಈ ಕೆಲಸಕ್ಕೆ ಮಾವನ ಟ್ಯಾಂಕರೇ ಆಗಬೇಕು. ಯಾಕೆಂದರೆ ಉಳಿದವರು ನೀರು ಹೊಡೆದು ಹೋಗುತ್ತಾರೆ. ಮಾವ ಹೋಗುವುದಿಲ್ಲ.

ನಾಯಕರು ಇಳಿದು ವೇದಿಕೆಗೆ ಹೋದ ಮೇಲೆ ಪೈಲಟ್ ಒಬ್ಬನೇ ನೆರಳಿನಲ್ಲಿ ಕುಳಿತಿರುತ್ತಾನಲ್ಲ, ಆಗ ಮಾವನ ಕಾಲೇಜು ಶುರು. ಒಂದು ಕೈಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಪೊಟ್ಟಣ. ಇನ್ನೊಂದು ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್. ಬಜ್ಜಿ ಕಚ್ಚಿದ ಪೈಲಟ್ ಕಣ್ಣೀರು ಸುರಿಸುತ್ತ ನೀರು ಕೇಳುತ್ತಿದ್ದ. ನೀರಿಗೇನು ಬರ, ಟ್ಯಾಂಕರೇ ಪಕ್ಕದಲ್ಲಿದೆ! ಅಲ್ಲಿಂದ ಸ್ನೇಹ, ಸ್ನೇಹದಿಂದ ಪಾಠ. ಮಾವನಿಗೆ ಬರುವ ಹಿಂದಿಯೆಲ್ಲ ತಾಲ್ಲೂಕು ಕಚೇರಿಯಲ್ಲಿ ಪಹಣಿ, ಖಾತೆ, ಸರಹದ್ದು ಎಂದು ಓಡಾಡಿ ಕಲಿತದ್ದು. ಮೊದಲ ದಿನ ಅವರು ಕೇಳಿದ ಪ್ರಶ್ನೆ: "ಸಾಬ್, ಆಸ್ಮಾನ್ ಕಾ ಖಾತಾ ಕಿಸ್ಕೇ ನಾಮ್ ಪೇ ಹೈ?" ಆಕಾಶದ ಖಾತೆ ಯಾರ ಹೆಸರಿನಲ್ಲಿದೆ ಎಂದು ಅದುವರೆಗೆ ಆ ಪೈಲಟ್‌ನನ್ನು ಯಾರೂ ಕೇಳಿರಲಿಕ್ಕಿಲ್ಲ. ಅವನು ನಗದೆ, ಹಾರುವ ಮುಂಚೆ ಯಾರ ಅನುಮತಿ ಪಡೆಯಬೇಕು, ಎಷ್ಟು ಎತ್ತರಕ್ಕೆ ಪಡೆಯಬೇಕು ಎಂದು ಅರ್ಧ ಗಂಟೆ ವಿವರಿಸಿದನಂತೆ. ಅಂದು ಸಂಜೆ ಮನೆಗೆ ಬಂದ ಮಾವ ಗಂಭೀರವಾಗಿ ಹೇಳಿದರು: "ಗಾಳಿಗೂ ಒಬ್ರು ತಹಶೀಲ್ದಾರ್ರು ಇದಾರೆ ಅಳಿಯಾ."

ಈ ಕಾಲೇಜಿಗೆ ಒಂದೇ ತೊಂದರೆ. ಪಾಠದ ಅವಧಿ ಭಾಷಣದ ಅವಧಿಯಷ್ಟೇ! ಹಾಗಾಗಿ ಇಡೀ ಜಿಲ್ಲೆಯಲ್ಲಿ ರಾಜಕೀಯ ಭಾಷಣ ಉದ್ದವಾಗಲಿ ಎಂದು ದೇವರಿಗೆ ಹರಕೆ ಹೊರುವ ಮನುಷ್ಯ ನಮ್ಮ ಮಾವ ಒಬ್ಬರೇ. "ಕೊನೆಯದಾಗಿ ಒಂದು ಮಾತು" ಎಂದು ಮೈಕಿನಲ್ಲಿ ಕೇಳಿದರೆ ಅವರ ಎದೆ ಧಸಕ್ಕೆನ್ನುತ್ತಿತ್ತು. ಆ ಒಂದು ಮಾತನ್ನು ಮುಕ್ಕಾಲು ಗಂಟೆ ಎಳೆಯುವ ನಾಯಕರೊಬ್ಬರಿದ್ದರು. ಪಕ್ಷ ಯಾವುದೆಂದು ನೋಡದೆ ಮಾವ ಅವರಿಗೇ ವೋಟು ಹಾಕುತ್ತಿದ್ದರು. ಪ್ರಜಾಪ್ರಭುತ್ವದಲ್ಲಿ ಇದಕ್ಕಿಂತ ಸ್ಪಷ್ಟವಾದ ಕಾರಣಕ್ಕೆ ಯಾರಾದರೂ ವೋಟು ಹಾಕಿದ್ದಾರೆಯೇ?

ಒಮ್ಮೆ ಸೊರಬದಲ್ಲಿ ಗಂಟಲು ಕೆಟ್ಟ ನಾಯಕರೊಬ್ಬರು ಏಳೇ ನಿಮಿಷದಲ್ಲಿ ಭಾಷಣ ಮುಗಿಸಿಬಿಟ್ಟರು. ಹೆಲಿಕಾಪ್ಟರಿನ ಬಾಲದಲ್ಲಿ ಚಿಕ್ಕ ಫ್ಯಾನು ಯಾಕಿದೆ ಎಂದು ಮಾವ ಆಗಷ್ಟೇ ಕೇಳಿದ್ದರು. ಪೈಲಟ್ ಬಾಯಿ ತೆರೆದ, ಜೈಕಾರ ಕೇಳಿಸಿತು, ಎದ್ದು ಓಡಿದ. ಮುಂದಿನ ಚುನಾವಣೆಯವರೆಗೆ, ಅಂದರೆ ಮೂರು ವರ್ಷ, ಮಾವ ಆ ಪ್ರಶ್ನೆಯನ್ನು ಹೊತ್ತುಕೊಂಡೇ ತಿರುಗಿದರು. ಫೋನಿನಲ್ಲಿ ಹುಡುಕಿ ಹೇಳುತ್ತೇನೆ ಎಂದೆ. ಒಪ್ಪಲಿಲ್ಲ, ವಿದ್ಯೆಯನ್ನು ಗುರುವಿನಿಂದಲೇ ಪಡೆಯಬೇಕಂತೆ. ಕೊನೆಗೊಬ್ಬ ಗುರು ಸಿಕ್ಕಿದ. ಮೇಲಿನ ದೊಡ್ಡ ಫ್ಯಾನು ಒಂದು ಕಡೆ ತಿರುಗಿದರೆ ಹೊಟ್ಟೆ ಇನ್ನೊಂದು ಕಡೆ ತಿರುಗಲು ನೋಡುತ್ತದೆ, ಅದನ್ನು ಹಿಡಿದು ನಿಲ್ಲಿಸುವುದೇ ಬಾಲದ ಫ್ಯಾನು ಎಂದ. ಮಾವ ಊಟಕ್ಕೆ ಕೂತಾಗ ಇದನ್ನು ನಮಗೆಲ್ಲ ವಿವರಿಸಿ, ಅತ್ತೆಯ ಕಡೆ ತಿರುಗಿ, "ನೀನು ಈ ಮನೆ ಬಾಲದ ಫ್ಯಾನು ನೋಡು. ನೀನಿಲ್ದಿದ್ರೆ ನಾನು ಗಿರಗಿರ ತಿರುಗಿಬಿಡ್ತಿದ್ದೆ" ಎಂದರು.

ಅತ್ತೆ ಸಾರು ಬಡಿಸುತ್ತಲೇ ಹೇಳಿದರು: "ಹಂಗಾರೆ ಮೇಲಿನ ದೊಡ್ಡ ಫ್ಯಾನು ನೀವು. ಬರೀ ಸದ್ದು, ಧೂಳು."

ಕಲಿತ ವಿದ್ಯೆಯನ್ನು ಮಾವ ವ್ಯರ್ಥ ಮಾಡಲಿಲ್ಲ. ಹಾರುವ ಮುಂಚೆ ಪೈಲಟ್ ತನ್ನ ಯಂತ್ರವನ್ನು ಒಂದು ಸುತ್ತು ಹಾಕಿ, ಪ್ರತಿಯೊಂದು ಭಾಗವನ್ನೂ ಮುಟ್ಟಿ ನೋಡಬೇಕು. ಭಾರವನ್ನು ತೂಗಿ ಎಡಬಲಕ್ಕೆ ಸಮನಾಗಿ ಹಂಚಬೇಕು. ಕುಬಟೂರಿನಲ್ಲಿ ನೆಂಟರ ಮದುವೆ. ಹೋಗಲು ಬಾಡಿಗೆ ಜೀಪು ಬಂತು. ಮಾವ ಮೆಕ್ಕೆಜೋಳ ತೂಗುವ ಕಾಟಾವನ್ನು ಅಂಗಳಕ್ಕೆ ಎಳೆದು ತಂದು ರೇಷ್ಮೆ ಸೀರೆಯ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಹತ್ತಿಸಿದರು. "ದೊಡ್ಡಮ್ಮ, ಎಂಬತ್ತೆರಡು, ಎಡಗಡೆ" ಎಂದು ಅವರು ಬೀದಿಗೆಲ್ಲ ಕೇಳುವಂತೆ ಕೂಗಿದರು. ದೊಡ್ಡಮ್ಮ ಅದಾದ ಮೇಲೆ ಎರಡು ದೀಪಾವಳಿ ನಮ್ಮ ಮನೆಗೆ ಕಾಲಿಡಲಿಲ್ಲ! ತೂಗಿದ್ದಾಯಿತು, ಕೂರಿಸಿದ್ದಾಯಿತು, ಜೀಪಿನ ಒಂದೊಂದು ನಟ್ಟನ್ನೂ ಮುಟ್ಟಿದ್ದಾಯಿತು. ಇಪ್ಪತ್ತೈದು ನಿಮಿಷದ ನಂತರ ಹೊರಟ ಜೀಪು ಮದುವೆ ಮನೆಗೆ ಇನ್ನೂ ಮೂರು ಮೈಲಿ ಇರುವಾಗ ಕೆಮ್ಮಿ ನಿಂತಿತು. ಡೀಸೆಲ್ ಇರಲಿಲ್ಲ.

"ಎಲ್ಲಾ ನೋಡಿದ್ರಿ, ಡೀಸೆಲ್ ನೋಡ್ಲಿಲ್ವಾ ಮಾವ?" ಎಂದೆ.

ಮಾವ ನೋಟ್‌ಬುಕ್ ತೆಗೆದು ಖಾಲಿ ಪುಟವೊಂದನ್ನು ತೋರಿಸಿದರು. "ಇಂಧನದ ಪಾಠ ಶುರುವಾಗೋ ಹೊತ್ತಿಗೆ ಭಾಷಣ ಮುಗೀತು ಅಳಿಯಾ."

ನಾವು ತಾಳಿ ಕಟ್ಟುವುದನ್ನು ನೋಡಲಿಲ್ಲ. ಹೋಳಿಗೆ ಸಿಕ್ಕಿತು.

ಇಷ್ಟೆಲ್ಲ ಕಲಿತರೂ ಮಾವ ಒಮ್ಮೆಯೂ ಹೆಲಿಕಾಪ್ಟರಿನೊಳಗೆ ಕಾಲಿಟ್ಟಿರಲಿಲ್ಲ. ನಾಯಕರ ವಾಹನ, ಪೈಲಟ್‌ಗೆ ಎಷ್ಟೇ ಪ್ರೀತಿಯಿದ್ದರೂ ಹತ್ತಿಸುವಂತಿಲ್ಲ. ಮಾವನೂ ಕೇಳಿದವರಲ್ಲ. ಆದರೆ ಸದ್ದು ಕೇಳಿದರೆ ಸಾಕು, ಉಣ್ಣುವ ತಟ್ಟೆ ಬಿಟ್ಟು ಅಂಗಳಕ್ಕೆ ಓಡಿ, ಅದು ಚುಕ್ಕೆಯಾಗಿ ಮರೆಯಾಗುವವರೆಗೆ ಮೇಲೆ ನೋಡುತ್ತಿದ್ದರು. ಒಂದು ಸಲ, ಒಂದೇ ಒಂದು ಸಲ ಆ ಮುಂದಿನ ಸೀಟಿನಲ್ಲಿ ಕೂರಬೇಕು ಎಂಬುದು ಅವರು ಯಾರಿಗೂ ಹೇಳದ, ಎಲ್ಲರಿಗೂ ಗೊತ್ತಿದ್ದ ಆಸೆ.

ಹೋದ ಚಳಿಗಾಲದಲ್ಲಿ ಸೊರಬಕ್ಕೆ ಮೂರು ದಿನದ ಮಟ್ಟಿಗೆ ಜನರನ್ನು ಆಕಾಶದಲ್ಲಿ ಸುತ್ತಿಸುವ ಹೆಲಿಕಾಪ್ಟರ್ ಬಂತು. ಟಿಕೆಟ್ ಪಡೆದವರಿಗೆ ಚಂದ್ರಗುತ್ತಿ ಬೆಟ್ಟದವರೆಗೆ ಹೋಗಿ ಬರುವ ಹತ್ತು ನಿಮಿಷದ ಪ್ರಯಾಣ. ನಾನು ಸುದ್ದಿಗೆಂದು ಹೋಗಿದ್ದೆ. ಅವ್ವ, ಅತ್ತೆ ನೋಡಲೆಂದು ಬಂದಿದ್ದರು. ಮಾವ ಎಂದಿನಂತೆ ನೀರು ಹೊಡೆದು, ಸುಣ್ಣ ಎಳೆದು, ಹೊಗೆ ಎಬ್ಬಿಸಿ, ದೂರ ನಿಂತಿದ್ದರು. ಟಿಕೆಟ್ ತೆಗೆಸುತ್ತೇನೆಂದರೆ ಬೇಡ ಎಂದಿದ್ದರು. ಪೈಲಟ್ ಟಿಕೆಟ್ ತಗೊಂಡು ಹತ್ತುತ್ತಾನಾ ಎಂಬುದು ಅವರ ವಾದ!

ಮೂರನೇ ದಿನ ಕೊನೆಯ ಸುತ್ತಿಗೆ ಪೈಲಟ್‌ನ ಪಕ್ಕದ ಸೀಟು ಖಾಲಿ ಉಳಿಯಿತು. ಪೈಲಟ್ ಯಾರು? ಬಾಲದ ಫ್ಯಾನಿನ ಗುಟ್ಟು ಹೇಳಿದ್ದ ಅದೇ ಗುರು. ಅವನು ಕಿಟಕಿಯಿಂದ ಕೈ ಬೀಸಿ ಮಾವನನ್ನು ಕರೆದ. ಮಾವ ಹಿಂದೆ ತಿರುಗಿ ನೋಡಿದರು, ಬೇರೆ ಯಾರನ್ನೋ ಕರೆದಿರಬೇಕೆಂದು. ಆಮೇಲೆ ಚಪ್ಪಲಿಯ ಕೆಸರನ್ನು ಹುಲ್ಲಿಗೆ ಒರೆಸಿ, ಅಂಗಿಯ ಗುಂಡಿ ಹಾಕಿಕೊಂಡು ಹೆಜ್ಜೆ ಇಟ್ಟರು.

ಅವ್ವ ಅವರ ತೋಳು ಹಿಡಿದುಕೊಂಡಳು. ಹೆದರಿದ್ದಾಳೆ ಎಂದುಕೊಂಡೆ. ಅವಳು ನೆಲ ನೋಡುತ್ತ ಹೇಳಿದಳು:

"ತಮ್ಮಾ, ಆವತ್ತು ಪತ್ರ ಬಂದಿತ್ತು. ನಾನೇ ಅಕ್ಕಿ ಡಬ್ಬೀಲಿ ಬಚ್ಚಿಟ್ಟಿದ್ದೆ. ನೀನೂ ಹೋದ್ರೆ ನಮಗ್ಯಾರು ಅನ್ಸಿತ್ತು."

ಮೂವತ್ತನಾಲ್ಕು ವರ್ಷ ಉಕ್ಕುತ್ತಲೇ ಇದ್ದ ಹಾಲಿನ ಅರ್ಥ ನನಗೆ ಆಗ ಆಯಿತು.

ಮಾವ ಸ್ವಲ್ಪವೂ ಚಕಿತರಾಗಲಿಲ್ಲ. "ಗೊತ್ತು ಕಣಕ್ಕಾ. ಪೋಸ್ಟಿನವ್ನು ಮಾರನೇ ದಿನಾನೇ ಸಂತೇಲಿ ಸಿಕ್ಕಿ ಹೇಳಿದ್ದ."

"ಮತ್ಯಾಕೋ ಹೋಗ್ಲಿಲ್ಲ?"

ಮಾವ ನನ್ನ ಕಡೆ ತಿರುಗಿ, ಕಾಟಾದ ಮೇಲೆ ನಿಂತವರನ್ನು ನೋಡುವಂತೆ ಅಡಿಯಿಂದ ಮುಡಿಯವರೆಗೆ ನೋಡಿದರು. "ಇವ್ನು ಆಗ ಎಂಟು ಕಿಲೋ ಇದ್ದ. ಹೆಗಲಿಂದ ಕೆಳಗೇ ಇಳೀತಿರ್ಲಿಲ್ಲ. ಲೋಡು ಜಾಸ್ತಿ ಆಯ್ತು, ಏಳೋಕಾಗ್ಲಿಲ್ಲ."

ಹೇಳಿ ನಕ್ಕು, ಅಕ್ಕನ ಕೈಯನ್ನು ಮೆಲ್ಲಗೆ ಬಿಡಿಸಿ, ತಲೆ ಬಗ್ಗಿಸಿಕೊಂಡು ಹೆಲಿಕಾಪ್ಟರಿನ ಕಡೆ ಓಡಿದರು. ಹತ್ತುವ ಮುಂಚೆ ಅದರ ಮೂಗನ್ನೊಮ್ಮೆ ಮುಟ್ಟಿ ನೋಡಿದರು. ಪೈಲಟ್‌ನನ್ನು ಏನೋ ಕೇಳುತ್ತಿದ್ದುದು ಕಾಣಿಸಿತು; ಇಂಧನದ ವಿಚಾರವೇ ಇರಬೇಕು. ಆಮೇಲೆ ಅದು ಒದ್ದೆ ಮಣ್ಣಿನಿಂದ ಹಗುರವಾಗಿ ಎದ್ದಿತು.

ಇಷ್ಟು ವರ್ಷ ಸದ್ದು ಕೇಳಿದಾಗಲೆಲ್ಲ ಮೇಲೆ ನೋಡುತ್ತಿದ್ದ ಮಾವ ಈಗ ಗಾಜಿಗೆ ಹಣೆ ಒತ್ತಿ ಕೆಳಗೆ, ನಮ್ಮನ್ನು ನೋಡುತ್ತಿದ್ದರು. ನಾನು ಪತ್ರಿಕೆಗೆ ಕಳಿಸಬೇಕಾದ ನಾಲ್ಕು ಸಾಲನ್ನು ಬರೆದುಕೊಳ್ಳಲು ನೋಡಿದೆ, ಅಕ್ಷರಗಳು ಕಾಣಿಸಲಿಲ್ಲ. ಅವ್ವನಿಗೆ ಅಂದು ಯಾವ ಹಾಲೂ ನೆನಪಾಗಲಿಲ್ಲ. ಹಾರುವ ಸೆರಗನ್ನು ಹಿಡಿದುಕೊಂಡು, ತಮ್ಮ ಚಂದ್ರಗುತ್ತಿಯ ಬೆಟ್ಟ ನೋಡಿ ತಿರುಗಿ ಬರುವವರೆಗೂ ತಲೆಯೆತ್ತಿ ನಿಂತೇ ಇದ್ದಳು.